ಅಜ್ಜನ ಕಾರಿನ ಮುಂದಿನ ಸೀಟು

ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ಹಡಗಲಿಯಲ್ಲಿ ನಾನಿರುವ ಮನೆಯ ಎದುರಿಗೊಂದು ಸೈಕಲ್ ಶಾಪು. ಅದರ ಯಜಮಾನರು ಬೆಳಿಗ್ಗೆ ಎದ್ದವರೇ ತಗಡಿನ ತಟ್ಟೆಗೆ ಸೀಮೆಎಣ್ಣೆ ಸುರಿದು ಚೈನು, ಬೇರಿಂಗುಗಳನ್ನು ಅದ್ದಿಡುತ್ತಾರೆ. ಓಣಿಯವರೆಲ್ಲ ನಾತ ಎಂದು ಮೂಗು ಮುಚ್ಚಿಕೊಂಡು ಹೋದರೆ ನಾನು ಬಾಗಿಲಲ್ಲಿ ನಿಂತುಬಿಡುತ್ತೇನೆ. ಕೊಟ್ಟೂರಿನ ನಮ್ಮ ಹಳೆಯ ಮನೆ, ಅದರ ಬೇಸಿಗೆಯ ಅಂಗಳ, ಅಂಗಳದ ನಡುವೆ ಹಾಸಿದ ಹರಕು ಜಮಖಾನ, ಅದರ ತುಂಬ ಬಿಡಿಸಿಟ್ಟ ಕಾರಿನ ಸಾಮಾನು, ಹಿಟ್ಟಿನ ಗಿರಣಿಯಿಂದ ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ನಮ್ಮಪ್ಪ, ಅಪ್ಪನ ಪಕ್ಕದಲ್ಲಿ ಗಿರಿಜತ್ತೆ. ಆ ಪಕ್ಕದ ಜಾಗ ನನ್ನದಾಗಿತ್ತು ನೋಡಿ, ಅತ್ತೆ ಬರುವ ತನಕ. ಈಗ ಆ ಮನೆಯೇ ಇಲ್ಲ. ಕೆಡವಿ ಲಾಡ್ಜ್ ಕಟ್ಟಿದ್ದಾರೆ. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ ಗೊತ್ತಿರುತ್ತದೆ, ಮನೆ ಹೋದರೂ ಅದರೊಳಗಿನ ಜಗಳ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಕಾರು ಅಜ್ಜನದು. ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಕೊಂಡ ಲ್ಯಾಂಡ್‌ಮಾಸ್ಟರ್. ಅಜ್ಜ ತೀರಿಕೊಂಡ ಮೇಲೆ ದನದ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ನಿಂತೇ ಇತ್ತಂತೆ. ನಾನು ಕಂಡಂತೆ ಅದು ಕೋಳಿಗಳ ಮನೆ. ಹಿಂದಿನ ಸೀಟಿನ ತೆಂಗಿನ ನಾರು ಹೊರಬಿದ್ದು ಅದರಲ್ಲಿ ಅವು ಮೊಟ್ಟೆ ಇಡುತ್ತಿದ್ದವು, ನಾನು ಕೈ ಹಾಕಿ ತೆಗೆಯುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಅಪ್ಪನಿಗೆ ಏನು ಹೊಕ್ಕಿತೋ, ಕೋಳಿಗಳನ್ನು ಓಡಿಸಿ ಕಾರನ್ನು ಅಂಗಳಕ್ಕೆ ನೂಕಿಸಿದ. ಗಿರಣಿಯ ಮೋಟಾರು, ಬೆಲ್ಟು ಎಂದರೆ ಅಪ್ಪನಿಗೆ ಅಂಗೈ ಗೆರೆ. ಕಾರು ಮಾತ್ರ ಹೊಸದು. ಅದೇ ಚಳಿಗಾಲಕ್ಕೆ ಗಿರಿಜತ್ತೆ ಹರಪನಹಳ್ಳಿಯ ತನ್ನ ಗಂಡನ ಮನೆಯಿಂದ ಹಬ್ಬಕ್ಕೆಂದು ಬಂದವಳು ವಾಪಸು ಹೋಗಲಿಲ್ಲ. ಮಕ್ಕಳಾಗಲಿಲ್ಲವೆಂದು ಆ ಮನೆಯಲ್ಲಿ ಅವಳೊಡನೆ ಯಾರೂ ನೆಟ್ಟಗೆ ಮಾತಾಡುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆಗ ಗೊತ್ತಿದ್ದದ್ದು ಇಷ್ಟೇ: ನನ್ನ ಹಾಸಿಗೆಯಲ್ಲಿ ಅರ್ಧ, ನನ್ನ ಅಪ್ಪನಲ್ಲಿ ಮುಕ್ಕಾಲು ಅವಳ ಪಾಲಾಯಿತು.

ಅಪ್ಪನಿಗಿಂತ ಐದು ವರ್ಷ ದೊಡ್ಡವಳು ಅತ್ತೆ. ಅಜ್ಜ ಕಾರು ಓಡಿಸುತ್ತಿದ್ದಾಗ ಮುಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಇವಳು, ಇವಳ ತೊಡೆಯ ಮೇಲೆ ನಮ್ಮಪ್ಪ. ತಂಬ್ರಹಳ್ಳಿಯ ಸೋದರಮಾವನ ಮನೆಗೆ ಹೋಗುವಾಗ ಯಾವ ದಿಬ್ಬದಲ್ಲಿ ಯಾವ ಗೇರು ಬೀಳುತ್ತಿತ್ತು ಎಂಬುದೂ ಅವಳಿಗೆ ನೆನಪಿತ್ತು. ಅಪ್ಪ ಒಂದೊಂದು ನಟ್ಟು ಬಿಚ್ಚಿದ ಹಾಗೂ ಅವಳು ಹಳೆಯ ಕ್ಯಾಲೆಂಡರ್ ಹಾಳೆ ಹರಿದು, ಎಲ್ಲಿಯದು ಎಂದು ಬರೆದು, ಪೊಟ್ಟಣ ಕಟ್ಟಿ ಸಾಲಾಗಿ ಇಡುತ್ತಿದ್ದಳು. ಹಿತ್ತಾಳೆಯ ಸಣ್ಣ ಸಾಮಾನನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಕೊನೆಗೊಂದು ದಿನ ಎಂಜಿನ್ನು ಗುಡುಗಿ, ಹೊಗೆ ಕಾರಿ, ಜೀವ ಹಿಡಿದಾಗ ಓಣಿಗೆ ಓಣಿಯೇ ಕೂಗು ಹಾಕಿದರೆ ಅತ್ತೆ ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದಳು. "ಅಪ್ಪನ ಕಾಲಕ್ಕ ಹಿಂಗ ಕೆಮ್ಮತಿದ್ದಿಲ್ಲೋ ತಮ್ಮಾ. ರೊಟ್ಟಿ ಬಡದಂಗ ಒಂದ ಸಮ ಇತ್ತು ಸಪ್ಪಳ," ಅಂದಳು. ಅಪ್ಪ ಅದೇನನ್ನೋ ತಿರುವಿದ, ಕೆಮ್ಮು ನಿಂತಿತು. ಅಪ್ಪ ಅವಳನ್ನು ನೋಡಿದ ರೀತಿ ನನಗೆ ಸಹಿಸಲಾಗಲಿಲ್ಲ. ನಾನೂ ಬಾನೆಟ್ಟಿಗೆ ಕಿವಿಗೊಟ್ಟು, "ಅಪ್ಪಾ, ನನಗೂ ಕೇಳಸ್ತೈತಿ, ಟಕ್ ಟಕ್ ಅಂತೈತಿ" ಎಂದೆ. "ಅದು ಓಣ್ಯಾಗ ಟಾಂಗಾ ಹೋತವ್ವ," ಅಂದ ಅಪ್ಪ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು.

ಹೊಟ್ಟೆಕಿಚ್ಚು ಎಂದರೆ ಎಂಥದು ಎಂದು ಕೇಳಿದರೆ ನಾನು ಇದನ್ನೇ ಹೇಳುವವಳು. ನಾನು ಹುಟ್ಟುವ ಮೊದಲೇ ಓಡಿ ನಿಂತುಹೋದ ಗಾಡಿ ಅದು. ಅದರ ಹಳೆಯ ಸಪ್ಪಳವನ್ನು ನಾನು ಎಲ್ಲಿಂದ ತರಲಿ? ಪಾಠವಾದರೆ ಬಾಯಿಪಾಠ ಮಾಡಿ ಗೆಲ್ಲಬಹುದು, ರಂಗೋಲಿಯಾದರೆ ಕಲಿತು ಗೆಲ್ಲಬಹುದು, ಇನ್ನೊಬ್ಬರ ನೆನಪನ್ನು ಹೇಗೆ ಗೆಲ್ಲುವುದು? ಅತ್ತೆ ಬಡಿಸಿದ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದೆ. ಅವಳು ಹೆಣೆದ ಜಡೆಯನ್ನು ಹಿತ್ತಲಿಗೆ ಹೋಗಿ ಬಿಚ್ಚಿ ಬರುತ್ತಿದ್ದೆ. ಅಜ್ಜಿಗೆ ಇದು ಹೇಗೋ ತಿಳಿಯಿತು. ನನ್ನನ್ನು ಕರೆದು, "ಸುಮಿ, ಕಾರಿನ ಪೂಜಿ ನಿಂದವ್ವ. ಸೋಮವಾರ ಸೋಮವಾರ ನೀನ ವಿಭೂತಿ ಹಚ್ಚಬೇಕು, ಮತ್ಯಾರೂ ಮುಟ್ಟಂಗಿಲ್ಲ," ಎಂದಳು. ದೀಪಗಳಿಗೆ, ಸ್ಟಿಯರಿಂಗಿಗೆ, ನಾಲ್ಕು ಗಾಲಿಗೆ, ಆಮೇಲೆ ಹಿಂದಿನ ಮಗ್ಗುಲಿನ ಪೆಟ್ರೋಲ್ ಮುಚ್ಚಳಕ್ಕೆ. "ಅದು ಬಾಯಿ, ಉಣ್ಣೂದ ಅಲ್ಲಿಂದ. ಛಲೋತ್ನಾಗ ಹಚ್ಚು." ಹಳೆಯ ಮುಚ್ಚಳ ಎಂದೋ ಕಳೆದುಹೋಗಿ, ಲೇತ್ ಅಂಗಡಿಯಲ್ಲಿ ಹಿತ್ತಾಳೆಯದೊಂದು ಮಾಡಿಸಿದ್ದರು. ಅದರ ನಡುವೆ ಎಳ್ಳು ಹೋಗುವಷ್ಟು ಸಣ್ಣ ತೂತು. ಆ ತೂತು ಯಾಕೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು ಮೂರು ಬೆರಳಲ್ಲಿ ಗಾರೆ ಮೆತ್ತಿದ ಹಾಗೆ ಮೆತ್ತಿಬಿಡುತ್ತಿದ್ದೆ. ಅತ್ತೆಯ ಕೈ ತಾಗದ ಒಂದೇ ಒಂದು ಕೆಲಸ ಆ ಗಾಡಿಯಲ್ಲಿ ನನಗೆ ಸಿಕ್ಕಿತ್ತು.

ಸೋಮವಾರ ಗಿರಣಿಗೆ ರಜೆ. ನನಗೆ ಬೇಸಿಗೆಯ ರಜೆ. ಪೂಜೆ ಮುಗಿಸಿ ಅಪ್ಪ ಹರಪನಹಳ್ಳಿ ರಸ್ತೆಯಲ್ಲಿ ಗಾಡಿ ಓಡಿಸಿ ನೋಡುತ್ತಿದ್ದ. ಸಪ್ಪಳ ಕೇಳಬೇಕೆಂದು ಮುಂದಿನ ಸೀಟಿನಲ್ಲಿ ಅತ್ತೆ, ನೀರಿನ ಡಬ್ಬಿ ಹಿಡಿದು ಹಿಂದೆ ನಾನು. ಊರು ದಾಟಿ ಹುಣಸೆಮರದ ಹತ್ತಿರ ಬಂದರೆ ಮುಗಿಯಿತು, ಗಾಡಿ ಎರಡು ಸಲ ಬಿಕ್ಕಿ ನಿಂತೇ ಬಿಡುತ್ತಿತ್ತು. ಅಪ್ಪ ಇಳಿದು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ, ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ಪೆಟ್ರೋಲ್ ಇದೆಯೇ ನೋಡುತ್ತಿದ್ದ, ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಗಾಡಿ ಚಾಲೂ ಆಗುತ್ತಿತ್ತು. "ಬಿಸಲಿಗೆ ಕಾಯ್ತೈತಿ, ಆರಿದ್ರ ಹೊಂಡ್ತೈತಿ," ಎಂದು ಅಪ್ಪನ ಲೆಕ್ಕ. ವಾಪಸು ಬರುವಾಗ ಮತ್ತೆ ಅದೇ ಕಥೆ. ಕಾರ್ಬುರೇಟರ್ ಬಿಚ್ಚಿ ತೊಳೆದದ್ದಾಯಿತು, ಪಂಪಿನ ಒಳಗಿನ ರಬ್ಬರು ಬದಲಿಸಿದ್ದಾಯಿತು, ಪ್ಲಗ್ಗು, ಪಾಯಿಂಟು ಎಲ್ಲ ಉಜ್ಜಿದ್ದಾಯಿತು. ಐದು ಸೋಮವಾರ ಹೀಗೇ ಹೋದವು. ಮಂಡಕ್ಕಿ ಅಂಗಡಿಯ ಕಟ್ಟೆಯ ಮೇಲಿದ್ದವರು, "ಏನ್ರಿ ಸಾವ್ಕಾರ್ರ, ಗಾಡಿ ನಿಮ್ಮನ್ನ ಎಳಕೊಂಡು ಬಂತೋ, ನೀವ ಗಾಡಿನ ಎಳಕೊಂಡು ಬಂದ್ರೋ?" ಎಂದು ಕೂಗಿ ನಗುತ್ತಿದ್ದರು. ಐದನೆಯ ಸೋಮವಾರ ಹುಣಸೆಮರದ ಕೆಳಗೆ ಅತ್ತೆ, "ತಮ್ಮಾ, ನೀ ಮುಚ್ಚಳ ತಗದಾಗ ಉಸ್ ಅಂತೈತಲ್ಲ, ಯಾಕ?" ಎಂದಳು. ಅಪ್ಪ ಬೆವರು ಒರೆಸಿಕೊಳ್ಳುತ್ತ, "ಸುಮ್ಮನಿರಬೇ ಅಕ್ಕಾ," ಎಂದು ರೇಗಿದ. ಅಪ್ಪ ಅವಳ ಮೇಲೆ ರೇಗಿದ್ದು ಅದೇ ಮೊದಲು. ಆ ದಿನವೆಲ್ಲ ನನಗೆ ಹಬ್ಬ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅತ್ತೆ ಬಂದು ಆರು ತಿಂಗಳಾಗಿತ್ತು. ಮನೆಗೆ ಬಂದ ಹೆಂಗಸರೆಲ್ಲ, ಗಿರಿಜವ್ವ ಇನ್ನೂ ಇಲ್ಲೇ ಇದ್ದಾಳಾ ಎಂದು ಹುಬ್ಬು ಹಾರಿಸುವುದನ್ನು ಅಜ್ಜಿಗೆ ನೋಡಲಾಗುತ್ತಿರಲಿಲ್ಲ. ಅವಳು ತೀರ್ಮಾನ ಮಾಡಿಯಾಗಿತ್ತು: "ಗಾಡಿ ನೆಟ್ಟಗಾದ ದಿನ ಅದರಾಗ ಕುಂದ್ರಿಸ್ಕೊಂಡು, ಮಾನದಿಂದ ಆಕಿನ್ನ ಗಂಡನ ಮನಿ ಮುಟ್ಟಿಸಿ ಬಾ." ಅಪ್ಪ ಒಪ್ಪಿದ್ದ. ಅತ್ತೆ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಗಾಡಿ ನಿಂತಿರುವ ತನಕ ತವರು, ಓಡಿತೆಂದರೆ ಹರಪನಹಳ್ಳಿ. ಹಾಗಿದ್ದೂ ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವಳು ಅವಳೇ. ನನ್ನವ್ವ ಒಲೆಯ ಮುಂದೆ ಕೂತು, "ತನ್ನ ಕಳಸೋ ಗಾಡಿನ ತಾನ ತಯಾರ ಮಾಡಾಕತ್ಯಾಳಲ್ಲ ಶಿವನ," ಎಂದು ನಿಟ್ಟುಸಿರು ಬಿಟ್ಟದ್ದು ನೆನಪಿದೆ. ನಾನಂತೂ ಗಾಡಿ ಎಂದು ಓಡೀತೋ ಎಂದು ಕಾಯುತ್ತಿದ್ದೆ.

ಆರನೆಯ ಸೋಮವಾರ. ನಾನು ಎಂದಿನಂತೆ ಮೆತ್ತಿ, ಕೈ ತೊಳೆಯಲು ಹಿತ್ತಲ ಬಾನಿಯ ಹತ್ತಿರ ಹೋಗುತ್ತ ಹಿಂತಿರುಗಿ ನೋಡಿದರೆ ಅತ್ತೆ ಕಾರಿನ ಹಿಂದೆ ಬಗ್ಗಿದ್ದಾಳೆ. ಮುಚ್ಚಳ ಅವಳ ಕೈಯಲ್ಲಿದೆ. ತುರುಬಿನ ಪಿನ್ನು ತೆಗೆದು ಆ ತೂತಿನಲ್ಲಿ ಕೆದಕುತ್ತಿದ್ದಾಳೆ. ನನ್ನ ಪೂಜೆಗೂ ಕೈ ಹಾಕಿದಳಲ್ಲ! ಕೆದಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಆದರೆ ಪಡಸಾಲೆಗೆ ಓಡಿ ನಾನು ಅಪ್ಪನಿಗೆ ಹೇಳಿದ್ದು ಬೇರೆ: "ಅಪ್ಪಾ, ಅತ್ತಿ ಪೆಟ್ರೋಲ್ ಮುಚ್ಚಳದಾಗ ಏನೋ ತುರುಕಾಕತ್ಯಾಳ!"

ಅಪ್ಪ ಬಂದು ಮುಚ್ಚಳ ಕಸಿದುಕೊಂಡು ಬಿಸಿಲಿಗೆ ಹಿಡಿದ. ತೂತಿನ ತುಂಬ ಬಿಳಿ ಕಟ್ಟಿತ್ತು, ಅತ್ತೆಯ ಪಿನ್ನಿನ ತುದಿಯೂ ಬೆಳ್ಳಗಿತ್ತು. ಅಪ್ಪ ದಡ್ಡನಲ್ಲ, ಒಂದು ಗಳಿಗೆಯಲ್ಲಿ ಎಲ್ಲ ತಿಳಿಯಿತು. "ಗಾಳಿ ಆಡೂ ತೂತು ಇದು. ಮುಚ್ಚಿದ್ರ ಪೆಟ್ರೋಲ್ ಹೆಂಗ ಇಳೀತೈತಿ?" ಎಂದು ತನಗೆ ತಾನೇ ಅಂದುಕೊಂಡು, ಅತ್ತೆಯ ಕಡೆ ತಿರುಗಿದ. "ಹೋಗಾಕ ಮನಸಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ತಕ್ಕಾ. ಅಪ್ಪನ ಗಾಡಿಗೆ ಹಿಂಗ ಮಾಡಬಾರದಿತ್ತು." ಅಜ್ಜಿ ಹಣೆ ಬಡಿದುಕೊಂಡಳು. ಆಗಲೇ ನನಗೂ ತಿಳಿದದ್ದು. ಐದು ವಾರ ಗಾಡಿಯ ಉಸಿರು ಕಟ್ಟಿಸಿದ್ದು ನನ್ನ ಮೂರು ಬೆರಳು. ಅವು ಇನ್ನೂ ಬೆಳ್ಳಗೇ ಇದ್ದವು, ಲಂಗದ ನೆರಿಗೆಯೊಳಗೆ ಮುಚ್ಚಿಕೊಂಡೆ. ಅತ್ತೆ ನನ್ನ ಮುಖ ನೋಡಿದಳು, ಲಂಗದ ಕಡೆ ನೋಡಿದಳು. ಒಂದೇ ಒಂದು ಮಾತು ಅವಳು ಆಡಿದ್ದರೆ ಸಾಕಿತ್ತು. ನಾನು ಆಡಿದ್ದರೂ ಸಾಕಿತ್ತು. ಅವಳು ಪಿನ್ನನ್ನು ಸೆರಗಿಗೆ ಒರೆಸಿ ತುರುಬಿಗೆ ಸಿಕ್ಕಿಸಿಕೊಂಡಳು. "ಗಾಡಿ ತಗಿ ತಮ್ಮಾ. ಬಿಸಲೇರೂದ್ರಾಗ ಹೋಗಿಬಿಡೂನು," ಅಂದಳು.

ಅವಳ ಟ್ರಂಕು ಹಿಂದೆ, ಅದರ ಪಕ್ಕದಲ್ಲಿ ಅವಳು. ಮುಂದಿನ ಸೀಟು ನನಗೆ. ಅಪ್ಪ ತೂತು ಬಿಡಿಸಿದ ಮುಚ್ಚಳವನ್ನು ತಿರುವಿ ಹಾಕಿ, ಆ ಬಾಗಿಲು ತೆಗೆದು ನನ್ನನ್ನು ಎತ್ತಿ ಕೂರಿಸಿದ. ಹುಣಸೆಮರ ಬಂತು, ಹೋಯಿತು. ಗಾಡಿ ನಿಲ್ಲಲಿಲ್ಲ. ಹೊಸ ರೆಕ್ಸಿನ್ನು ಬಿಸಿಲಿಗೆ ತೊಡೆ ಸುಡುತ್ತಿತ್ತು, ಕಿಟಕಿಯಲ್ಲಿ ಗಾಳಿ ಭರ್ರೋ ಎನ್ನುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸಂತೋಷವಾಗಿತ್ತು. ಗೆದ್ದ ಮುಖವನ್ನು ತೋರಿಸಬೇಕೆಂದು ಹಿಂದೆ ತಿರುಗಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸಪ್ಪಳ ಕೇಳುತ್ತಿದ್ದಳು. "ಈಗ ಸಮ ಆತು ನೋಡು," ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ.

ಮುಂದಿನ ಸೋಮವಾರ ಯಾಕೋ ಪೂಜೆ ಬಿಡಲು ನನಗೆ ಧೈರ್ಯ ಬರಲಿಲ್ಲ. ಬಿಟ್ಟರೆ ಯಾಕೆಂದು ಕೇಳುತ್ತಾರಲ್ಲ. ತೂತು ಬಿಟ್ಟು ಹಚ್ಚಿದರೂ ಗುಟ್ಟು ಬಯಲಾದೀತೆಂದು ಮುಚ್ಚಳಕ್ಕೂ ಎಂದಿನಂತೆಯೇ ಮೆತ್ತಿದೆ. ಅಪ್ಪ ಒಬ್ಬನೇ ಗಾಡಿ ತೆಗೆದುಕೊಂಡು ಹೋದವನು ಬಹಳ ಹೊತ್ತಿಗೆ ಬಂದ. ಬಂದವನು ಅಜ್ಜಿಗೆ, "ಇನ್ನ ಮ್ಯಾಲೆ ಮುಂದಿನ ಗಾಜಿಗಷ್ಟ ಹಚ್ಚಿದ್ರ ಸಾಕು," ಎಂದ. ನನ್ನನ್ನು ಏನೂ ಕೇಳಲಿಲ್ಲ. ನಾನು ಬಚಾವಾದೆ ಎಂದುಕೊಂಡೆ. ಆಮೇಲೆ ಅಪ್ಪನಿಗೆ ಕಾರಿನ ಮೇಲೆ ಮನಸ್ಸು ನಿಲ್ಲಲಿಲ್ಲ, ಎರಡು ವರ್ಷಕ್ಕೆ ಹಗರಿಬೊಮ್ಮನಹಳ್ಳಿಯವರು ಯಾರೋ ಒಯ್ದರು. ಅಜ್ಜಿ ಹೋದಳು, ಮನೆ ಪಾಲಾಯಿತು. ಅತ್ತೆ ಹಬ್ಬಕ್ಕೆ ಬರುತ್ತಿದ್ದಳು, ನನಗೆ ಬಳೆಯೋ ಲಂಗದ ಬಟ್ಟೆಯೋ ತರುತ್ತಿದ್ದಳು, ಒಂದು ಊಟ ಮುಗಿಸಿ ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದಳು. ತವರಿನಲ್ಲಿ ಅವಳು ಮತ್ತೆ ಯಾವತ್ತೂ ಹಾಸಿಗೆ ಹಾಸಲಿಲ್ಲ. ಐವತ್ತು ತುಂಬುವ ಮೊದಲೇ ಕಾಯಿಲೆ ಬಿದ್ದು ತೀರಿಕೊಂಡಳು.

ಹರಪನಹಳ್ಳಿಯಲ್ಲಿ ಅವಳ ಶಿವಗಣಾರಾಧನೆ ಮುಗಿಸಿ ಬಂದ ಮಧ್ಯಾಹ್ನ ನಾನು ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಆಗ ನನಗೆ ಇಪ್ಪತ್ತಮೂರು. ಅಪ್ಪ ಗೋಡೆಗೆ ಒರಗಿ ಕೇಳಿಸಿಕೊಂಡ. "ಗೊತ್ತೈತವ್ವ," ಎಂದ. "ಆಕಿನ್ನ ಬಿಟ್ಟು ಬಂದ ಮುಂದಿನ ಸೋಮವಾರ ಮತ್ತ ಅದ ಹುಣಸಿಗಿಡದ ಕೆಳಗ ಗಾಡಿ ನಿಂತಾಗ ಗೊತ್ತಾತು. ಅಲ್ಲಿಂದ ಹಂಗ ಆಕಿ ಮನಿಗೆ ಹೋದೆ. ಮೂರು ಸಲ ಹೋದೆ. ಕಾಲು ಹಿಡದೆ, ಬಾ ಅಕ್ಕಾ ಅಂದೆ. ನಾ ಬಂದ್ರ ಆ ಕೂಸು ದಿನಾ ನನ್ನ ಮುಖ ನೋಡಿ ಅಂಜತೈತೋ, ಅದು ಬ್ಯಾಡ ಅಂದ್ಲು. ಸುಮಿಗೆ ಏನೂ ಕೇಳಬ್ಯಾಡ ಅಂತ ನನ್ನ ಕೈಲೆ ಆಣಿ ಮಾಡಿಸ್ಕೊಂಡ್ಲು."

ಕೇಳಿದ ಕೂಡಲೇ ನನಗೆ ಪಶ್ಚಾತ್ತಾಪವಾಗಬೇಕಿತ್ತು. ಆಯಿತು, ಆಮೇಲೆ ಆಯಿತು, ಈಗಲೂ ಆಗುತ್ತಲೇ ಇದೆ. ಆದರೆ ಮೊದಲು ಬಂದದ್ದು ಅದಲ್ಲ. ಅಪ್ಪ ಮೂರು ಸಲ ಹೋಗಿದ್ದ. ಇಷ್ಟು ವರ್ಷ ಅವರಿಬ್ಬರೂ ನನ್ನದೇ ವಿಷಯವನ್ನು ನನಗೆ ತಿಳಿಯದ ಹಾಗೆ ತಮ್ಮಲ್ಲೇ ಇಟ್ಟುಕೊಂಡಿದ್ದರು. ಸತ್ತು ಹನ್ನೊಂದು ದಿನವಾಗಿದ್ದ ಆ ಹೆಂಗಸಿನ ಮೇಲೆ ಮತ್ತೆ ಅದೇ ಹೊಟ್ಟೆಕಿಚ್ಚು ಬುಗ್ಗೆಂದು ಎದ್ದು, ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಪ್ಪ ತಲೆ ಸವರಿ, "ನಿಮ್ಮತ್ತಿಗೂ ನಿನ್ನ ಕಂಡ್ರ ಭಾಳ ಜೀವ ಇತ್ತವ್ವ, ಅಳಬ್ಯಾಡ," ಎಂದ. ನಾನು ಅತ್ತೆಗಾಗಿ ಅಳುತ್ತಿದ್ದೇನೆ ಎಂದು ಅವನು ತಿಳಿದುಕೊಂಡಿದ್ದ. ಅಲ್ಲವೆಂದು ನಾನು ಹೇಳಲಿಲ್ಲ.