ಕೊನೆಯ ಸಾಲನ್ನೂ ಓದಿದವರು

ಮೊನ್ನೆ ಪುತ್ತೂರಿಗೆ ಹೋದಾಗ ಹಳೆಯ ಪ್ಯಾಂಟೊಂದನ್ನು ಸೊಂಟದಲ್ಲಿ ಸಡಿಲ ಮಾಡಿಸಲು ಕೊಟ್ಟೆ. ಅಲ್ಲಿನ ಟೈಲರ್ ಹೊಲಿಗೆ ಬಿಚ್ಚಿ, ಒಳಭಾಗವನ್ನು ತಿರುಗಿಸಿ ತೋರಿಸಿದ. ಎರಡು ಬೆರಳಿನಷ್ಟು ಬಟ್ಟೆ ಮಡಚಿ ಉಳಿಸಿದ್ದರು. ಅದರ ಮೇಲೆ ನೀಲಿ ಚಾಕಿನ ಗೆರೆ, ಒಗೆದು ಒಗೆದು ಮಾಸಿದರೂ ಅಳಿಸಿ ಹೋಗದ್ದು. "ಯಾರು ಹೊಲಿದದ್ದು? ಈಗ ಯಾರೂ ಇಷ್ಟು ಬಟ್ಟೆ ಬಿಡುದಿಲ್ಲ," ಎಂದ. ನಾನು ಹೆಸರು ಹೇಳಲಿಲ್ಲ. ಸ್ಕೇಲ್ ಇಲ್ಲದೆ ಬರೀ ಕೈಯಲ್ಲಿ ಎಳೆದ ಗೆರೆ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ನನಗದು ಗೊತ್ತಿಲ್ಲ. ಸ್ಕೇಲ್ ಇಟ್ಟೇ ಎಳೆದಿರಬಹುದು. ನೆನಪಿಗೆ ಅಲಂಕಾರ ಮಾಡಿಕೊಳ್ಳುವ ಚಟ, ಆಗಾಗ ಹಿಡಿದು ನಿಲ್ಲಿಸಬೇಕಾಗುತ್ತದೆ.

ಕಡಬದಲ್ಲಿ ನನ್ನ ಝೆರಾಕ್ಸ್ ಅಂಗಡಿಗೂ ಆ ಪ್ಯಾಂಟು ಹೊಲಿದವರ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಪೇಟೆಯವರಿಗೆ ಅವರು ಟೈಲರ್ ಬ್ಯಾರಿ, ನನಗೆ ಕಾಕ. ಕೋಡಿಂಬಾಳದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು, ಸಂಜೆ ಬೆಳಕು ಇಳಿಯುವ ಮೊದಲೇ ಬಾಗಿಲು ಹಾಕುತ್ತಿದ್ದರು. ಸೂಜಿಗೆ ನೂಲು ಪೋಣಿಸುವುದು ಒಂದೇ ಸಲಕ್ಕೆ. ಅದೇ ಮನುಷ್ಯ ಎದ್ದು ಎರಡು ಹೆಜ್ಜೆ ಇಟ್ಟರೆ ಪಕ್ಕದಲ್ಲೇ ಇದ್ದ ಸ್ಟೂಲಿಗೆ ಮೊಣಕಾಲು ಬಡಿಸಿಕೊಳ್ಳುತ್ತಿದ್ದರು. ಬಡಿದ ಕೂಡಲೇ "ಮಾಫ್ ಮಾಡಿ" ಎನ್ನುತ್ತಿದ್ದರು. ಸ್ಟೂಲಿಗೂ, ಬಾಗಿಲಿಗೂ, ಜನರಿಗೂ ಒಂದೇ ಮಾತು.

ಯಾಕೆ ಹೀಗೆ ಎಂದು ಒಂದು ದಿನ ನಾನು ಕೇಳಿಯೇಬಿಟ್ಟೆ. ಅವರು ಖಾಲಿಯಾದ ನೂಲಿನ ರೀಲೊಂದನ್ನು ನನ್ನ ಕೈಗೆ ಕೊಟ್ಟರು.

"ಒಂದು ಕಣ್ಣು ಮುಚ್ಚಿ ಇದರ ತೂತಲ್ಲಿ ನನ್ನನ್ನು ನೋಡಿ ಗೌಡ್ರೆ. ಎಂತ ಕಾಣ್ತದೆ?"

"ನಿಮ್ಮ ಮೂಗು."

"ಕಿವಿ?"

"ಇಲ್ಲ."

"ಹಾಂ. ನನಗೆ ಎರಡೂ ಕಣ್ಣು ಬಿಟ್ಟರೂ ಅಷ್ಟೇ. ಮೂಗು ಉಂಟು, ಕಿವಿ ಇಲ್ಲ. ಕತ್ತಲೆ ಆದ್ರೆ ಮೂಗೂ ಇಲ್ಲ."

ಮಂಗಳೂರಿನ ಕಣ್ಣಿನ ಡಾಕ್ಟರೊಬ್ಬರು ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದರಂತೆ. ಕತ್ತಲೆ ಅಂಚಿನಿಂದ ಒಳಕ್ಕೆ ಬರುತ್ತಾ ಹೋಗುತ್ತದೆ, ನಡುವಿನದ್ದು ಕೊನೆಯವರೆಗೆ ಉಳಿಯಬಹುದು, ಔಷಧಿ ಇಲ್ಲ ಎಂದು. ಆಗ ಬರೆದುಕೊಟ್ಟ ಚೀಟಿ ಎಲ್ಲಿ ಹೋಯಿತೋ ಅವರಿಗೂ ಗೊತ್ತಿರಲಿಲ್ಲ. ಉಳಿದ ನಡುವಿನ ಆ ತುಂಡಿನಲ್ಲೇ ಅವರು ಕಾಲರ್, ಕಾಜ, ಜೇಬು ಎಲ್ಲ ಹೊಲಿಯುತ್ತಿದ್ದರು. ಬಟ್ಟೆಯನ್ನು ಆ ತುಂಡಿನೊಳಗೆ ಎಳೆದುಕೊಂಡರೆ ಆಯಿತು. ರಸ್ತೆಯನ್ನು ಹಾಗೆ ಎಳೆದುಕೊಳ್ಳಲು ಬರುವುದಿಲ್ಲವಲ್ಲ...

ಮಳೆಗಾಲದಲ್ಲಿ ಕತ್ತಲೆ ಬೇಗ. ಒಂದೆರಡು ಸಲ ಎದುರು ಬಂದವರಿಗೆ ಡಿಕ್ಕಿ ಹೊಡೆದರು. ಕೈ ಚಾಚಿದವರ ಕೈ ಹಿಡಿಯದೆ ಮುಂದೆ ನಡೆದರು. ಒಮ್ಮೆ ಮೀನಿನ ಬುಟ್ಟಿಯ ಮೇಲೆಯೇ ಬಿದ್ದರು. ಟೈಲರ್ ಕುಡಿಯಲು ಶುರು ಮಾಡಿದ್ದಾರೆ ಎಂಬ ಮಾತು ಪೇಟೆಯಲ್ಲಿ ಹಬ್ಬಿತು. ಐದು ಹೊತ್ತು ನಮಾಜು ಬಿಡದ ಮನುಷ್ಯ. ಮಸೀದಿಯ ಹಿರಿಯರೊಬ್ಬರು ಅಂಗಡಿಗೆ ಬಂದು ತಗ್ಗಿದ ದನಿಯಲ್ಲಿ ಬ್ಯಾರಿ ಭಾಷೆಯಲ್ಲಿ ಕೇಳಿದ್ದು ಹಲಗೆಯ ಈಚೆ ನನಗೂ ಕೇಳಿಸಿತು. ಈ ಪ್ರಾಯದಲ್ಲಿ ಇದೆಲ್ಲ ಬೇಕಾ ಎಂದು. ಕಾಕ ಏನೋ ಹೇಳಿದರು. ಹಿರಿಯರು, "ಸೂಜಿ ಪೋಣಿಸುವವನಿಗೆ ಕಣ್ಣಿಲ್ಲ ಅಂದ್ರೆ ಯಾರು ನಂಬುದು?" ಎಂದರು. ಆಮೇಲೆ ಹೊಲಿಗೆ ಮಿಷನಿನ ಸದ್ದು ಬಹಳ ಹೊತ್ತು ಬರಲಿಲ್ಲ.

ಮರುದಿನ ಕಾಕ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು.

"ಕಣ್ಣು ಇಲ್ಲದವರಿಗೆ ಸರಕಾರದ ಒಂದು ಕಾಗದ ಸಿಗ್ತದಂತಲ್ಲ. ನನಗೆ ಬೇಕು."

"ಪಿಂಚಣಿಗಾ ಕಾಕ?"

"ಪಿಂಚಣಿ ಬಂದ್ರೆ ಬರ್ಲಿ, ಬಸ್ ಪಾಸ್ ಬಂದ್ರೆ ಬರ್ಲಿ. ನಾನು ಕುಡಿಯುದಿಲ್ಲ ಅಂತ ಬರೆದ ಕಾಗದ ಬೇರೆ ಯಾವ ಆಫೀಸಲ್ಲಿ ಸಿಗ್ತದೆ, ನೀವೇ ಹೇಳಿ."

ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿದವನು ನಾನು. ಉದ್ಯೋಗ ಎಂಬಲ್ಲಿ ಟೈಲರ್ ಎಂದು ಟೈಪ್ ಮಾಡಿದವನೂ ನಾನೇ. ಇದ್ದದ್ದನ್ನು ಬರೆದೆ. ಆದರೂ ಆ ಒಂದು ಪದದ ಬಗ್ಗೆ ನನಗೆ ಈಗಲೂ ಸಮಾಧಾನವಿಲ್ಲ.

ತಪಾಸಣೆಯ ಶಿಬಿರ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಯಾವ ಊರು ಎಂದು ಕೇಳಬೇಡಿ. ಮದುವೆಗೆ ಕಟ್ಟಿದ ಬಣ್ಣದ ಕಾಗದ ಇನ್ನೂ ತೂಗುತ್ತಿತ್ತು ಎಂಬುದು ನೆನಪಿದೆ, ಊರು ನೆನಪಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗಿ ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತೆವು. ಕಾಕ ಒಗೆದು ಇಸ್ತ್ರಿ ಹಾಕಿದ ಬಿಳಿ ಶರ್ಟು ಹಾಕಿ ಬಂದಿದ್ದರು. ಕಾಲರಿನ ಹಿಂದೆ ಎಂದಿನಂತೆ ನೂಲು ಸುತ್ತಿದ ಸೂಜಿ ಸಿಕ್ಕಿಸಿತ್ತು.

ಇಲ್ಲಿ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ, ಹೆಸರು ಕರೆಯುತ್ತಿದ್ದ ಅಟೆಂಡರನ ಶರ್ಟಿನ ಗುಂಡಿ ನೇತಾಡುತ್ತಿತ್ತು. ಇನ್ನೊಂದರಲ್ಲಿ ಅದು ಡಾಕ್ಟರದ್ದೇ ಗುಂಡಿ. ನಾನು ಈ ಕಥೆಯನ್ನು ಬೇರೆಯವರಿಗೆ ಹೇಳುವಾಗಲೆಲ್ಲ ಡಾಕ್ಟರದ್ದೆಂದೇ ಹೇಳಿದ್ದೇನೆ, ನಗು ಹೆಚ್ಚು ಬರುತ್ತದೆ. ಅಟೆಂಡರನದ್ದೇ ಇರಬೇಕು. ಯಾರದ್ದಾದರೂ ಆಗಲಿ, ಕಾಕನ ಕಣ್ಣಿಗೆ ಉಳಿದಿದ್ದ ಆ ಸಣ್ಣ ವೃತ್ತದೊಳಗೆ ನೇತಾಡುವ ಗುಂಡಿಯೊಂದು ಬಂದು ನಿಂತಿತು. ನಾನು "ಬೇಡ ಕಾಕ" ಎನ್ನುವಷ್ಟರಲ್ಲಿ ಅವರು ಕಾಲರಿನ ಸೂಜಿ ತೆಗೆದು ನಾಲ್ಕು ಸುತ್ತು ಹಾಕಿ, ಗಂಟು ಬಿಗಿದು, ಹಲ್ಲಿನಲ್ಲಿ ನೂಲು ಕತ್ತರಿಸಿಯಾಗಿತ್ತು. ಡಾಕ್ಟರ ಮೇಜಿನಿಂದ ನಾಲ್ಕು ಅಡಿ ದೂರದಲ್ಲಿ.

ಆಮೇಲೆ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ಓದಲು ಹೇಳಿದರು. ಕಾಕ ಓದಿದರು. ದೊಡ್ಡ ಅಕ್ಷರದಿಂದ ಶುರು ಮಾಡಿ ಕೆಳಗಿಳಿದರು. ಒಂದೊಂದು ಅಕ್ಷರವನ್ನೂ ಹುಡುಕಿ ಹಿಡಿದು, ತಪ್ಪಿಲ್ಲದೆ, ಕೊನೆಯ ಸಾಲಿನವರೆಗೆ ಓದಿದರು. ಓದಿ ಮುಗಿಸಿ ಮದ್ರಸದಲ್ಲಿ ಪಾಠ ಒಪ್ಪಿಸಿದ ಹುಡುಗನ ಹಾಗೆ ನಿಂತರು.

"ನಿಮಗೆ ಎಂತ ತೊಂದರೆ ಮಾರಾಯ್ರೆ?" ಡಾಕ್ಟರು ನಕ್ಕರು. "ಆ ಸಾಲು ಕನ್ನಡಕ ಇಲ್ಲದೆ ನನಗೇ ಕಾಣುದಿಲ್ಲ."

ಕಾಕ ಹೇಳಲು ಹೊರಟರು. ಅಂಚು, ಕತ್ತಲೆ, ರೀಲಿನ ತೂತು... ಹಿಂದೆ ಸಾಲು ನೂಕುತ್ತಿತ್ತು. ಅಲ್ಲಿ ಅಂಚು ಅಳೆಯುವ ಯಂತ್ರವೂ ಇರಲಿಲ್ಲ, ಸಮಯವೂ ಇರಲಿಲ್ಲ. ಅನರ್ಹ ಎಂದು ಬರೆದ ಚೀಟಿ ಕೈಗೆ ಬಂತು. ಹೊರಗೆ ಬರುವಾಗ ಮಂಟಪದ ಕಂಬಕ್ಕೆ ಭುಜ ಬಡಿದು ಕಾಕ "ಮಾಫ್ ಮಾಡಿ" ಎಂದರು. ಸಾಲಿನಲ್ಲಿ ಯಾರೋ ಹೇಳಿದರು, "ಸರ್ಟಿಫಿಕೇಟ್ ಸಿಗ್ಲಿಲ್ಲ ನೋಡಿ, ಈಗ ಶುರು ನಾಟಕ." ಕಾಕನ ಕಿವಿ ಬಹಳ ಚುರುಕು.

ಬಸ್ಸಿನಲ್ಲಿ ನಾನು ಸಿಟ್ಟಿನಿಂದಲೇ ಹೇಳಿದೆ. "ಮೂರನೇ ಸಾಲಿಗೆ ನಿಲ್ಲಿಸಬೇಕಿತ್ತು. ಕಾಣುದಿಲ್ಲ ಅಂತ ಹೇಳಿದ್ರೆ ಮುಗೀತಿತ್ತು."

"ಕಂಡದ್ದನ್ನು ಕಾಣುದಿಲ್ಲ ಅಂತ ಹೇಗೆ ಹೇಳುದು?"

"ಅವರೇನು ನಿಮ್ಮ ಕಣ್ಣೊಳಗೆ ಬಂದು ನೋಡ್ತಾರಾ?"

"ಸುಳ್ಳು ಹೇಳಿ ಕಾಗದ ತಂದ್ರೆ, ನಾನು ಕುಡಿಯುದಿಲ್ಲ ಅಂತ ಆ ಕಾಗದ ಹೇಳುದೂ ಸುಳ್ಳೇ ಆಯ್ತಲ್ಲ ಗೌಡ್ರೆ," ಎಂದರು. ಕಿಟಕಿಯ ಹೊರಗೆ ನೋಡಿದೆ. ನಾನು ನೋಡುತ್ತಿರುವುದು ಅವರಿಗೆ ಕಾಣುತ್ತಿಲ್ಲ ಎಂಬುದು ಆಗ ಹೊಳೆಯಿತು.

ಮತ್ತೆ ಅರ್ಜಿ ಹಾಕಿದೆವು. ಎರಡನೇ ಸಲ ಕೂತಿದ್ದ ಡಾಕ್ಟರು ಕಥೆ ಕೇಳಿದರು, ಆದರೆ ಮಂಗಳೂರಿನ ಹಳೆಯ ಚೀಟಿ ಬೇಕು ಎಂದರು. ಮುಂದಿನ ತಿಂಗಳು ಹೋದರೆ ಅವರಿಗೆ ವರ್ಗವಾಗಿತ್ತು. ಇನ್ನೊಂದು ತಿಂಗಳು ಸರ್ವರ್ ಇಲ್ಲ, ಮತ್ತೊಂದು ತಿಂಗಳು ಕಣ್ಣಿನ ಡಾಕ್ಟರು ರಜೆ, ಕಿವಿಯವರು ಮಾತ್ರ ಇದ್ದಾರೆ. "ಕಿವಿಯದ್ದಾದ್ರೂ ನೋಡ್ಲಿ, ಬಂದದ್ದಕ್ಕೆ," ಎಂದು ಕಾಕ ನಗಾಡಿದರು. ಪ್ರತಿ ಸಲವೂ ಒಂದು ದಿನದ ಹೊಲಿಗೆ ಹೋಗುತ್ತಿತ್ತು. ಎಷ್ಟು ಸಲ ಹೋದೆವೆಂದು ಲೆಕ್ಕ ಹಾಕಲು ಹೊರಟರೆ ಎಲ್ಲ ಸಲವೂ ಒಂದೇ ಸಲವಾಗಿ, ಒಂದೇ ಬೆಂಚಾಗಿ ಕಾಣುತ್ತದೆ.

ಕೊನೆಗೆ ಪುತ್ತೂರಿನಲ್ಲಿ. ಪ್ರಾಯದಲ್ಲಿ ಸಣ್ಣವರು ಆ ಡಾಕ್ಟರು, ಕಾಕನಿಗೆ ಮಗಳಾಗುವಷ್ಟು ಇರಬಹುದು. ಕಾಕ ಎಂದಿನಂತೆ ಕೊನೆಯ ಸಾಲನ್ನೂ ಓದಿದರು. ನಾನು ಹೊರಡಲು ಚೀಲ ಎತ್ತಿಕೊಂಡಿದ್ದೆ. ಇಲ್ಲಿ ಕಾಕ ಜೇಬಿನಿಂದ ನೂಲಿನ ರೀಲು ತೆಗೆದು ಅವರ ಕೈಗಿತ್ತರು, ಅವರು ಅದರಲ್ಲಿ ನೋಡಿ ಬೆರಗಾದರು ಎಂದು ಬರೆದರೆ ಎಷ್ಟು ಚೆಂದ. ಹಾಗೇನೂ ಆಗಲಿಲ್ಲ. ರೀಲು ಅಂಗಡಿಯಲ್ಲೇ ಇತ್ತು.

ಅವರು ಕುರ್ಚಿಯನ್ನು ಕಾಕನ ಎದುರಿಗೆ ಎಳೆದು ಕೂತರು. "ನನ್ನ ಮೂಗನ್ನೇ ನೋಡಿ. ಬೇರೆ ಎಲ್ಲಿಗೂ ನೋಡುದು ಬೇಡ." ಎರಡೂ ಕೈ ಅಗಲಿಸಿ ಬೆರಳು ಆಡಿಸಿದರು. "ಬೆರಳು ಕಂಡ ಕೂಡ್ಲೇ ಹೇಳಿ."

ಕಾಕ ಮೂಗನ್ನೇ ನೋಡಿದರು. ಬೆರಳುಗಳು ಒಳಕ್ಕೆ ಬಂದವು. ಭುಜದ ನೇರಕ್ಕೆ ಬಂದವು, ಕಿವಿಯ ನೇರಕ್ಕೆ ಬಂದವು. ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಕಾಕ ಸುಮ್ಮನೆ ಕಾಯುತ್ತಿದ್ದರು. ಇನ್ನೂ ಶುರುವೇ ಆಗಿಲ್ಲ ಎಂದುಕೊಂಡವರ ಹಾಗೆ. ಬೆರಳು ಆಕೆಯ ಕೆನ್ನೆಯನ್ನು ಮುಟ್ಟುವಷ್ಟು ಹತ್ತಿರ ಬಂದಾಗ, "ಹಾಂ, ಈಗ ಬಂತು," ಎಂದರು.

ಡಾಕ್ಟರು ಕೈ ಇಳಿಸಲಿಲ್ಲ. "ಇಷ್ಟರಲ್ಲಿ ನೀವು ರಸ್ತೆ ದಾಟುದಾ?"

"ದಾಟುದು. ಬಡಿದ್ರೆ ಮಾಫ್ ಕೇಳುದು."

"ಮನೆಯಲ್ಲಿ ಹೇಳಿದ್ದೀರಾ?"

"ಹೇಳಿದ್ದೇನೆ. ನೀವು ಈಗ ನೋಡಿದ್ದನ್ನು ಬರೆದು ಕೊಡ್ತೀರಾ?"

ಬರೆದು ಕೊಟ್ಟರು. ಅದನ್ನು ನೋಡಿ ಮಂಗಳೂರಿನಲ್ಲಿ ಅಂಚು ಅಳೆಯುವ ಯಂತ್ರಕ್ಕೆ ಗಲ್ಲ ಇಟ್ಟು ಕೂರಿಸಿದರು. ಅಲ್ಲಿಂದ ಬಂದ ಹಾಳೆಯಲ್ಲಿ ಸುತ್ತ ಎಲ್ಲ ಕಪ್ಪು, ನಡುವೆ ಶರ್ಟಿನ ಗುಂಡಿಯಷ್ಟು ಬಿಳಿ. ಆ ಬಿಳಿಯನ್ನು ಕಾಕ ಬಸ್ಸಿನಲ್ಲಿ ಬಹಳ ಹೊತ್ತು ನೋಡಿದರು. ನೋಡಲು ಅದೊಂದೇ ಜಾಗವಿತ್ತು, ನೋಡಿದ್ದೂ ಅದರಿಂದಲೇ. ಕೆಲವು ವಾರಗಳಲ್ಲಿ ಸರಕಾರದ ಕಾರ್ಡು ಬಂತು. ಕಾಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡರು. ಯಾರಿಗೂ ತಾವಾಗಿ ತೋರಿಸಿದ್ದನ್ನು ನಾನು ಕಾಣಲಿಲ್ಲ.

ಹೇಗೋ ವಿಷಯ ಹಬ್ಬಿತು. ಪೇಟೆಗೆ ಒಂದು ಸುದ್ದಿ ಹಬ್ಬಿಸಲು ಗೊತ್ತಿದ್ದರೆ ಇನ್ನೊಂದು ಹಬ್ಬಿಸಲೂ ಗೊತ್ತಿರುತ್ತದೆ. ಮಸೀದಿಯ ಆ ಹಿರಿಯರು ಒಂದು ದಿನ ಬಂದು ನಿಂತರು. ಕ್ಷಮೆ ಕೇಳಲಿಲ್ಲ, ಎರಡು ಶರ್ಟಿನ ಬಟ್ಟೆ ಕೊಟ್ಟರು. ಕಾಕ ಹೆಚ್ಚು ಮಾತಾಡದೆ ಅಳತೆ ತೆಗೆದುಕೊಂಡರು. ಕತ್ತಲೆಗೆ ಹೆದರಿ ಬಾಗಿಲು ಹಾಕುವುದು ಅಂದಿನಿಂದ ನಿಂತಿತು. ರಾತ್ರಿ ಎಂಟಾದರೂ ಬಲ್ಬಿನ ಕೆಳಗೆ ಮಿಷನ್ ಓಡುತ್ತಿತ್ತು. ಹೊರಟರೆ ಮೆಟ್ಟಿಲಲ್ಲಿ ನಿಂತು, ಯಾರ ಹೆಜ್ಜೆ ಸದ್ದು ಬಂದರೂ, "ಬಸ್ ಸ್ಟ್ಯಾಂಡಿಗಾ? ಒಂದು ಭುಜ ಕೊಡಿ ಮಾರಾಯ್ರೆ," ಎನ್ನುತ್ತಿದ್ದರು. ಕೊಡದೆ ಹೋದವರು ಯಾರೂ ನೆನಪಿಗೆ ಬರುತ್ತಿಲ್ಲ. ಇದ್ದಿರಬಹುದು.

ಹೀಗೆ ಆರು ವರ್ಷ. ಆಮೇಲೆ ಒಂದು ಬೆಳಿಗ್ಗೆ ಕೋಡಿಂಬಾಳದ ಮನೆಯಲ್ಲಿ, ಚಹಾ ಕುಡಿದು ಕೂತಲ್ಲೇ, ಎದೆನೋವು ಬಂದು ಹೋದರು. ಬಸ್ಸಡಿಗೆ ಬಿದ್ದಲ್ಲ, ಚರಂಡಿಗೆ ಬಿದ್ದಲ್ಲ. ಸುದ್ದಿ ಕೇಳಿದ ಕೂಡಲೇ ನನಗೆ ಮೊದಲು ಬಂದ ಯೋಚನೆ ಇದೇ, ದುಃಖ ಆಮೇಲೆ ಬಂತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಕ್ರಮ ಹಾಗೆಯೇ ಇತ್ತು.

ನಲವತ್ತು ದಿನ ಕಳೆದ ಮೇಲೆ ಅವರ ಹೆಂಡತಿ ನನ್ನ ಅಂಗಡಿಗೆ ಬಂದರು. ಅದುವರೆಗೆ ನಾನು ಅವರನ್ನು ನೋಡಿರಲಿಲ್ಲ. ಕೈಯಲ್ಲಿ ಆ ಕಾರ್ಡು.

"ಇದನ್ನು ನಿಲ್ಲಿಸಬೇಕು ಅಂತೆ. ಇಲ್ಲದವರ ಹೆಸರಿಗೆ ಪಿಂಚಣಿ ಬರುದು ಬೇಡ."

ನಾನು ಕಂಪ್ಯೂಟರಿನಲ್ಲಿ ಅರ್ಜಿಯ ಖಾಲಿ ಜಾಗಗಳನ್ನು ತುಂಬುತ್ತಿದ್ದೆ. ಅವರು ಬೆಂಚಿನ ತುದಿಯಲ್ಲಿ ಕೂತು, ನನ್ನ ಕಡೆ ನೋಡದೆ ಹೇಳಿದರು.

"ಅವರು ಮನೆಗೆ ಬಂದ ಕೂಡ್ಲೇ ನಾನು ಬಾಯಿ ಮೂಸಿ ನೋಡ್ತಿದ್ದೆ. ದಿನಾಲೂ. ನಿಮಗೆ ಹೇಳಿರ್ಬಹುದು."

"ಇಲ್ಲ. ಒಂದು ದಿನವೂ ಹೇಳಲಿಲ್ಲ." ಇದು ನಿಜ.

"ಹೇಳ್ಲಿಲ್ಲವಾ..." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ವಾಸನೆ ಇರ್ತಿರ್ಲಿಲ್ಲ. ಆದ್ರೂ ನೋಡ್ತಿದ್ದೆ. ಕಾರ್ಡು ತಂದ ದಿನ ನನ್ನ ಕೈಯಲ್ಲಿ ಕೊಟ್ಟು, ‘ಇನ್ನು ಮೂಸುದು ಬೇಡ, ಓದಿದ್ರೆ ಸಾಕು’ ಅಂದ್ರು. ನನಗೆ ಓದ್ಲಿಕ್ಕೆ ಎಲ್ಲಿ ಬರ್ತದೆ. ಇಬ್ಬರೂ ನಗಾಡಿದೆವು."

ಅಷ್ಟು ಸಲ ಜೊತೆಗೆ ತಿರುಗಿದ ನನಗೆ, ಆ ಕಾಗದವನ್ನು ಅವರು ಯಾರಿಗೆ ತೋರಿಸಲು ಬಯಸಿದ್ದರೆಂದು ಅವತ್ತು ಗೊತ್ತಾಯಿತು. ಪೇಟೆಗಲ್ಲ, ಮಸೀದಿಗಲ್ಲ. ಕಾರಣ ಎಂಬ ಜಾಗದಲ್ಲಿ ಮರಣ ಎಂದು ಆರಿಸಿ ಕಳುಹಿಸಿದೆ. ಅವರು ಕಾರ್ಡಿನ ಝೆರಾಕ್ಸ್ ಒಂದನ್ನು ಕೇಳಿ ಪಡೆದು, ನಾಲ್ಕಾಗಿ ಮಡಚಿಕೊಂಡು ಹೋದರು.

ಅವರ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಹಲಗೆಯ ಗೋಡೆ ತೆಗೆದು ಸಿಮೆಂಟಿನದ್ದು ಕಟ್ಟಿದ್ದಾರೆ. ಆಚೆಯದ್ದು ಏನೂ ಕೇಳಿಸುವುದಿಲ್ಲ. ಮೊನ್ನೆ ಪುತ್ತೂರಿನಿಂದ ಬಂದ ಸಂಜೆ ಹೋಟೆಲಿನಲ್ಲಿ ಚಹಾಕ್ಕೆ ಕೂತಿದ್ದೆ. ಹಿಂದಿನ ಮೇಜಿನಲ್ಲಿ ಯಾರೋ ಹಳೆಯ ಕಡಬದ ಬಗ್ಗೆ ಮಾತಾಡುತ್ತಾ, "ಅಲ್ಲಿ ಒಬ್ಬ ಕುಡುಕ ಟೈಲರ್ ಇದ್ದನಲ್ಲ," ಎಂದರು. ನಾನು ತಿರುಗುವ ಮೊದಲೇ ಅವರ ಎದುರಿಗಿದ್ದ ಜೀಪಿನ ಡ್ರೈವರ್ ಹೇಳಿದ.

"ಕುಡುಕ ಅಲ್ಲ ಮಾರಾಯ, ಅವರಿಗೆ ಕಣ್ಣಿಂದು ತೊಂದರೆ. ಸರಕಾರದ್ದೇ ಕಾಗದ ಇತ್ತು. ಅಂಗಡಿಯ ಗೋಡೆಗೆ ಫ್ರೇಮ್ ಹಾಕಿ ತೂಗಿಸಿದ್ದರು, ನಾನೇ ಓದಿದ್ದೇನೆ."

ಆ ಕಾರ್ಡು ಒಂದು ದಿನವೂ ಗೋಡೆ ಹತ್ತಿರಲಿಲ್ಲ. ಕಾಕ ಇದ್ದಿದ್ದರೆ, ಗೋಡೆಯಲ್ಲಲ್ಲ, ಜೇಬಿನಲ್ಲಿ ಎಂದು ಅಲ್ಲೇ ತಿದ್ದುತ್ತಿದ್ದರು. ನಾನು ತಿದ್ದಲಿಲ್ಲ. ಚಹಾ ಇನ್ನೂ ಬಿಸಿಯಾಗಿತ್ತು, ಮೆಲ್ಲಗೆ ಕುಡಿದೆ.