ಮದುಮಗಳ ಕಟಾರಿ

ಉಕ್ಕಿಗೆ ನಿಂಬೆರಸ ತಾಗಿದಾಗ ಒಂದು ವಾಸನೆ ಏಳುತ್ತದೆ. ಹುಳಿಯೊಳಗೆ ರಕ್ತದ ಎಳೆಯೊಂದು ಸೇರಿಕೊಂಡಂಥ ವಾಸನೆ. ಮೂಗಿಗಿಂತ ಮೊದಲು ಹಲ್ಲಿಗೆ ಗೊತ್ತಾಗುತ್ತದೆ. ಹೋದ ಚಳಿಗಾಲದ ಒಂದು ಮಧ್ಯಾಹ್ನ ಕೂಕಟ್‌ಪಲ್ಲಿಯ ನನ್ನ ಫ್ಲ್ಯಾಟಿನ ಡೈನಿಂಗ್ ಟೇಬಲ್ ಮೇಲೆ ಪೇಪರ್ ಹಾಸಿಕೊಂಡು ನಿವೇದಿತಾ ಒಂದು ಉಕ್ಕಿನ ತುಂಡಿಗೆ ನಿಂಬೆಹೋಳು ಉಜ್ಜುತ್ತಿದ್ದಳು. ಹಾಗೆ ಉಜ್ಜಿ ಬಿಟ್ಟರೆ ಹೊಸ ಉಕ್ಕಿಗೆ ಹಳೆಯ ಕಪ್ಪು ಬರುತ್ತದಂತೆ. ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. ವಾಸನೆ ಬಂದದ್ದೇ ಕೈ ನಿಂತಿತು, ಟೀ ಸಾಸರಿಗೆ ಚೆಲ್ಲಿತು. ಆ ಕ್ಷಣ ನನಗೆ ಮತ್ತೆ ಏಳೆಂಟು ವರ್ಷ. ಬೆನ್ನ ಹಿಂದೆ ಅಗಳಿ ಹಾಕಿದ ಬಾಗಿಲು. ಆಚೆ ಮನೆ ತುಂಬ ಜನ ಉಸಿರು ಬಿಗಿ ಹಿಡಿದು ನಿಂತಿದ್ದಾರೆ. ಎಂಬತ್ತರ ಹತ್ತಿರ ಬಂದ ಹೆಂಗಸು ಗ್ಯಾಸ್ ಕಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಸಿಲ್ಲಿ, ಅಂದುಕೊಂಡೆ. ಆದರೆ ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಕೆಡವಿದ ಮನೆಗಳೆಲ್ಲ ಕೊನೆಗೆ ಹೋಗಿ ಅಡಗಿಕೊಳ್ಳುವುದು ಅಲ್ಲೇ ತಾನೆ?

ನಿವೇದಿತಾ ನನ್ನ ಸೋದರತ್ತೆ ಕುಸುಮತ್ತೆಯ ಮೊಮ್ಮಗಳು. ಸಂಬಂಧದ ಲೆಕ್ಕದಲ್ಲಿ ನಾನು ಅವಳಿಗೆ ಅಜ್ಜಿಯಾಗುವುದಿಲ್ಲ, ಆದರೆ ನನ್ನ ತಲೆ ನೋಡಿ ಅಜ್ಜಿ ಅನ್ನುತ್ತಾಳೆ. ರಾಯಚೂರಿನಲ್ಲಿ ಬೆಳೆದು, ಡಿಸೈನ್ ಓದಿ, ಈಗ ಮಣಿಕೊಂಡದ ಒಂದು ಚಿಕ್ಕ ಸ್ಟುಡಿಯೋದಲ್ಲಿ ಚಾಕು-ಚೂರಿಗಳನ್ನು ರೂಪಿಸುತ್ತಾಳೆ. ನಮ್ಮ ಕಡೆಯ ಮದುವೆಗಳಲ್ಲಿ ಅರಿಶಿಣ ಹಚ್ಚಿದ ಗಳಿಗೆಯಲ್ಲೇ ಮದುಮಕ್ಕಳ ಕೈಗೆ ಒಂದು ಕಟಾರಿ ಕೊಡುತ್ತಾರೆ, ತುದಿಗೆ ನಿಂಬೆಹಣ್ಣು ಚುಚ್ಚಿ. ಬೇರೆ ಮನೆತನಗಳಲ್ಲಿ ಮದುಮಗನಿಗೆ ಕಟಾರಿ, ಮದುಮಗಳಿಗೆ ಅಡಿಕೆ ಕತ್ತರಿಸುವ ಅಡಕೊತ್ತು. ನಮ್ಮಲ್ಲಿ ಮದುಮಗಳಿಗೂ ಕಟಾರಿಯೇ. ದೃಷ್ಟಿ, ಗಾಳಿ ಏನೂ ತಟ್ಟದಿರಲೆಂದು ತಾಳಿ ಕಟ್ಟುವ ತನಕ ಅದನ್ನು ಕೈ ಬಿಡುವಂತಿಲ್ಲ. ಅದನ್ನೇ ಈ ಕಾಲಕ್ಕೆ ತಕ್ಕಂತೆ ಮಾಡಿ, ಮದುವೆಯಾಗುವ ಜೋಡಿಗಳಿಗೆ ಮಾರಬೇಕೆಂದು ಅವಳ ಸ್ಟುಡಿಯೋದವರ ಯೋಚನೆ. ಮಾದರಿಗೆಂದು ನನ್ನ ಟ್ರಂಕಿನಲ್ಲಿದ್ದ ನಮ್ಮ ಮನೆಯ ಕಟಾರಿಯನ್ನು ಕೊಟ್ಟಿದ್ದೆ. ಅವತ್ತು ಅದನ್ನು ಹಿಂದಿರುಗಿಸಿ, ಡ್ರಾಯಿಂಗ್ ತೋರಿಸಲು ಬಂದಿದ್ದಳು.

"ನೋಡ್ರಿ ಅಜ್ಜಿ, ಫಿಕ್ಸೆಡ್ ಬ್ಲೇಡ್. ಮಡಚೂದಿಲ್ಲ, ಏನಿಲ್ಲ. ತುದಿಯಿಂದ ಹಿಡಿಕಿ ಒಳಗಿನ ತನಕ ಒಂದ ಉಕ್ಕಿನ ತುಂಡು," ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಹಿತ್ತಾಳೆ ಹಿಡಿಕೆಯ ಬದಲು ಬೀಟೆ ಮರ; ತುದಿಯ ಬಾಗು ಮಾತ್ರ ನಮ್ಮದೇ, ಗಿಳಿಯ ಕೊಕ್ಕು. ಎಲಿಗೆಂಟ್ ಆಗಿತ್ತು, ಸುಳ್ಳೇಕೆ ಹೇಳಲಿ.

"ಚಂದ ಐತಿ. ಇದಕ್ಕ ಹರಿತ ಎಲ್ಲಿ?"

"ಹರಿತ ಇರಾಂಗಿಲ್ರಿ. ನಿಮ್ಮ ಕಟಾರಿನೂ ಮೊಂಡ ಐತಲ್ಲ. ಮದುವಿ ಅಂದ್ರ ಕಡಿಯೂದಲ್ಲ, ಕೂಡಸೂದು. ಅದಕ್ಕ ನಮ್ಮ ಹಿರೇರು ಮೊಂಡ ಇಡತಿದ್ರು. ಬಾಕ್ಸ್ ಮ್ಯಾಲ ಈ ಸ್ಟೋರಿ ಪ್ರಿಂಟ್ ಮಾಡ್ತೀವಿ. ಓದಿದೋರ ಕಣ್ಣಾಗ ನೀರ ಬರಬೇಕು!"

"ಹಿರೇರು ಹಂಗ ಅಂದಿದ್ರು ಅಂತ ನಿನಗ ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ? ಕಟಾರಿನ ಹೇಳತೈತಿ. ಅಂಚಿಗೆ ಈ ಸಣ್ಣ ಸಣ್ಣ ಗೀರು ನೋಡ್ರಿ, ಓರೆ ಓರೆ. ಎಂಥಾ ಟೆಕ್ಸ್‌ಚರ್! ಇವನ್ನೂ ಹಂಗ ತಗೊಂಡೀನಿ. ಶನಿವಾರ ಡ್ರಾಯಿಂಗ್ ಫೈನಲ್."

ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡೆ. ಆ ಗೀರುಗಳು ನನ್ನ ಅಪ್ಪ ಉಕ್ಕನ್ನು ಉಜ್ಜಿದ ಅರದ ಗುರುತು. ಅವು ಬಿದ್ದದ್ದು ಒಂದು ಸಂಜೆ, ನನ್ನ ಕಣ್ಣೆದುರಿಗೆ. ಈಗ ನಾನು ಬಾಯಿ ಬಿಡದಿದ್ದರೆ ಆ ಸಂಜೆಯ ಹೆದರಿಕೆ ಸಂಪ್ರದಾಯವಾಗಿ ಡಬ್ಬಿಯ ಮೇಲೆ ಅಚ್ಚಾಗುತ್ತದೆ, ಎಲ್ಲಿಯದೋ ಮದುಮಗಳು ಅದನ್ನು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾಳೆ. ಬಾಯಿ ಬಿಟ್ಟರೆ? ಈ ಹುಡುಗಿ ಕಂಡ ತನ್ನ ಅಜ್ಜಿ, ನನ್ನ ಕುಸುಮತ್ತೆ, ಎಲ್ಲದಕ್ಕೂ "ಆಗ್ಲಿ" ಅನ್ನುತ್ತಿದ್ದ ಸಾಧ್ವಿ. ಆ ಅಜ್ಜಿಯನ್ನು ಅವಳಿಂದ ಕಸಿದುಕೊಳ್ಳಲು ನಾನು ಯಾರು? ಬೇರೆಯವರ ಮಾತು ಬೇರೆಯವರಿಗೆ ಸಾಗಿಸುವುದು ಲೇಡಿಗಳ ಲಕ್ಷಣವಲ್ಲ ಎಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಟೀ ಆರಿತು. ಉಕ್ಕಿನ ತುಂಡು ನಿಧಾನವಾಗಿ ಕಪ್ಪಾಗುತ್ತಿತ್ತು.

ನಮ್ಮ ಮನೆ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿತ್ತು. ಈಗ ಅಲ್ಲೊಂದು ಹಾಸ್ಟೆಲ್ ನಿಂತಿದೆ. ಮುತ್ಯಾ, ಅಂದರೆ ನನ್ನ ಅಜ್ಜ, ವಕೀಲ. ಕೋರ್ಟಿನಲ್ಲಿ ಉರ್ದು, ಬಜಾರದಲ್ಲಿ ತೆಲುಗು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಶಹಾಬಾದ್ ಕಲ್ಲಿನ ನೆಲ ಬೇಸಿಗೆಯಲ್ಲೂ ಅಂಗಾಲಿಗೆ ತಣ್ಣಗೆ ಮುತ್ತಿಡುತ್ತಿತ್ತು. ರೈಲಿನ ಹೊಗೆಗೆ ಕಿಟಕಿಯ ಸರಳುಗಳು ಸದಾ ಕರಿ, ಆಯಿ, ಅಂದರೆ ಅಜ್ಜಿ, ದಿನಾ ಬೆಳಿಗ್ಗೆ ಒರೆಸುತ್ತ ಇಂಜಿನ್ನಿಗೆ ಬೈಯುತ್ತಿದ್ದಳು. ಅಂಗಳದಲ್ಲಿ ಒಂದು ಪೇರಲ ಗಿಡ. ನಾನು ಕಾನ್ವೆಂಟಿನಿಂದ ರಿಕ್ಷಾದಲ್ಲಿ ಬಂದಿಳಿದರೆ ಆ ಗಿಡದ ಕೆಳಗೆ ಕುಸುಮತ್ತೆ ಕೂತಿರುತ್ತಿದ್ದಳು, ಮಡಿಲಲ್ಲಿ ಹೂವು, ಎಲೆ, ಕೈಯಲ್ಲಿ ಅರ್ಧ ಬ್ಲೇಡು. ಅಪ್ಪನ ತಂಗಿ, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಾಟನಿ ಓದುತ್ತಿದ್ದಳು. ದಾಸವಾಳವನ್ನು ನಡುವೆ ಸೀಳಿ, ಒಳಗಿನ ಸಣ್ಣ ಕೋಣೆಗಳನ್ನು ತೋರಿಸಿ, "ನೋಡು ಸರೂ, ಇದಕ್ಕೂ ಮನಿ ಐತಿ," ಅನ್ನುತ್ತಿದ್ದಳು. ಅವಳ ಬೆರಳುಗಳಿಗೆ ಸದಾ ಹಸಿರು ದೇಟಿನ ವಾಸನೆ.

ಕಟಾರಿ ಮುತ್ಯಾನ ಕಪಾಟಿನಲ್ಲಿ ಹಳೆಯ ರೇಷ್ಮೆ ತುಂಡಿನಲ್ಲಿ ಮಲಗಿರುತ್ತಿತ್ತು. ಆಗ ಅದು ಎಷ್ಟು ಹರಿತವಿತ್ತೆಂದರೆ, ಆಯುಧಪೂಜೆಯ ದಿನ ಮುತ್ಯಾ ಒಂದು ವೀಳ್ಯದೆಲೆಯನ್ನು ಅದರ ಮೇಲೆ ಸುಮ್ಮನೆ ಬಿಡುತ್ತಿದ್ದ. ಎಲೆ ಎರಡಾಗಿ ಕೆಳಗೆ ಬೀಳುತ್ತಿತ್ತು. ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಸುತ್ತಲಿನ ಕನ್ನಡದ ಮನೆಗಳಲ್ಲಿ ಯಾರ ಮದುವೆಯಾದರೂ "ವಕೀಲರ ಮನಿ ಕಟಾರಿ"ಯೇ ಬೇಕು. ಹೋಗಿ, ಮದುವೆ ಮುಗಿಸಿ, ನಿಂಬೆಯ ಕಲೆ ಹೊತ್ತು ಮರಳಿ ಬರುತ್ತಿತ್ತು.

ಕುಸುಮತ್ತೆಯ ಮದುವೆ ಮಾಘದಲ್ಲಿ. ಗಂಡು ರಾಯಚೂರಿನವರು, ದೊಡ್ಡ ಕುಟುಂಬ. ಕೊನೆಯ ವರ್ಷದ ಪರೀಕ್ಷೆ ಇನ್ನೇನು ಬಾಗಿಲಿಗೆ ಬಂದಿತ್ತು, ಆದರೆ ಮುಹೂರ್ತ ಅದಕ್ಕಿಂತ ಮುಂಚೆ ಸಿಕ್ಕಿತು. ಅರಿಶಿಣದ ದಿನ ಅವಳ ಕೈಗೆ ಕಟಾರಿ ಕೊಟ್ಟರು. ನೀರು ಹಾಕಿ, ಒದ್ದೆ ಸೀರೆ ಬದಲಿಸಲೆಂದು ನಡುವಿನ ಕೋಣೆಗೆ ಕಳಿಸಿ, ಮದುಮಗಳು ಒಬ್ಬಳೇ ಇರಬಾರದೆಂದು ನನ್ನನ್ನು ಜೊತೆಗೆ ದೂಡಿದರು. ಅವಳು ಒಳಗೆ ಬಂದದ್ದೇ ಅಗಳಿ ಹಾಕಿದಳು. ಸೀರೆ ಬದಲಿಸಿ ಕಿಟಕಿಯ ಕೆಳಗೆ ಕೂತು, ಎಲ್ಲಿಂದ ತಂದಿದ್ದಳೋ, ಒಂದು ಪೇರಲಹಣ್ಣು ಮುಂದಿಟ್ಟುಕೊಂಡಳು. ಕಟಾರಿಯ ತುದಿಯ ನಿಂಬೆಹಣ್ಣನ್ನು ಕಿತ್ತಳು.

"ಅತ್ಯಾ! ಅದನ್ನ ತಗೀಬಾರದು, ದೃಷ್ಟಿ ಆಗತೈತಿ!"

"ಆಗ್ಲಿ ಬಿಡು. ಮುಂಜಾನಿಂದ ಹೊಟ್ಟಿಗೆ ಏನೂ ಇಲ್ಲ."

ಕೊಯ್ಯತೊಡಗಿದಳು. ತಿನ್ನುವ ಹೋಳಿನಂತಲ್ಲ, ಈರುಳ್ಳಿ ಪೊರೆಯಂತೆ. ಒಂದನ್ನು ಕಿಟಕಿಗೆ ಎತ್ತಿ ಹಿಡಿದಳು. ಅವಳ ಬೆರಳಿನ ಅರಿಶಿಣ ಹಣ್ಣಿಗೆ ಹತ್ತಿತ್ತು. ಬಿಸಿಲು ಅದರೊಳಗಿಂದ ಹಾದು ಅವಳ ಕೆನ್ನೆಯ ಮೇಲೆ ಹಳದಿಯಾಗಿ ಬಿತ್ತು. "ಇಷ್ಟು ತೆಳ್ಳಗ ಕೊಯ್ಯಬೇಕು ನೋಡು, ಬೆಳಕ ದಾಟಬೇಕು. ಮೈಕ್ರೋಸ್ಕೋಪಿಗೆ ಹಿಂಗ ಇಡತೀವಿ." ಮೇಲೆ ನಿಂಬೆ ಹಿಂಡಿ ನನ್ನ ನಾಲಿಗೆಯ ಮೇಲಿಟ್ಟಳು. ಹುಳಿ, ಅರಿಶಿಣ, ಕಬ್ಬಿಣ. ಇವತ್ತಿಗೂ ಅದು ಅಲ್ಲೇ ಇದೆ.

"ಕುಸುಮಾ, ಸೀರಿ ಉಟ್ಟಾತೇನ? ಬೀಗರು ಬಂದ್ರು," ಎಂದು ಆಯಿ ಬಾಗಿಲು ತಟ್ಟಿದಳು. ಅತ್ತೆ ಇನ್ನೊಂದು ಹೋಳು ಕೊಯ್ದಳು. ಆಯಿ ಮತ್ತೆ ತಟ್ಟಿದಳು, ಜೋರಾಗಿ. ಆಗ ಹೊರಗೆ ಯಾರೋ ಹೆಂಗಸು, ಪಿಸುದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಅಯ್ಯ, ಅಕಿ ಕೈಯಾಗ ಕಟಾರಿ ಐತಲ್ಲ!" ಅಂದಳು. ವಾಲಗ ನಿಂತಿತು. ಬಾಗಿಲಿನಾಚೆಯಿಂದ ನನ್ನ ಅವ್ವನ ನಡುಗುವ ದನಿ ಬಂತು: "ಸರೂ, ಅತ್ಯಾ ಏನ ಮಾಡಾಕತ್ತಾಳ?"

ಅತ್ತೆಯ ಮುಖ ನೋಡಿದೆ. ಹೇಳು, ಎಂಬಂತೆ ಹುಬ್ಬೇರಿಸಿದಳು.

"ಪೇರಲಹಣ್ಣ ಹೆಚ್ಚಾಕತ್ತಾಳ."

ಹೊರಗೆ ಆಯಿ ಅಳಲು ಶುರು ಮಾಡಿದಳು. ನನ್ನನ್ನು ಯಾರೂ ನಂಬಲಿಲ್ಲ. "ಬಾಗಿಲ ಮುರೀತೀನಿ!" ಎಂದು ನನ್ನ ಅಪ್ಪ ಹೆಗಲು ಕೊಟ್ಟು ಗುದ್ದಿದ. ಚೌಕಟ್ಟಿನಿಂದ ಸುಣ್ಣ ಉದುರಿತು. ಕುಸುಮತ್ತೆಯ ಕೈ ನಿಂತಿತು. ಕಟಾರಿ ಹಣ್ಣನ್ನು ಬಿಟ್ಟು ಮೇಲೆದ್ದು ಗಾಳಿಯಲ್ಲಿ ತಡೆದು ನಿಂತಿತು, ತುದಿ ಅವಳ ಕಡೆಗೋ ಬಾಗಿಲ ಕಡೆಗೋ ನನಗೆ ಇವತ್ತಿಗೂ ಹೇಳಲಾಗದು. ಗೋಡೆಗೆ ಒತ್ತಿಕೊಂಡೆ. "ಹೆದರಬ್ಯಾಡ," ಅಂದಳು. ಹೆದರಿದ್ದು ಅವಳ ದನಿ. ಇನ್ನೊಂದು ಗುದ್ದು. ಅವಳು ಎದ್ದು ಬಾಗಿಲಿಗೆ ಹಣೆ ಹಚ್ಚಿ ನಿಂತಳು.

"ಅಪ್ಪನ್ನ ಕರೀರಿ. ಅಪ್ಪನ ಜೋಡಿ ಮಾತಾಡ್ತೀನಿ."

ಮುತ್ಯಾನ ಬೆತ್ತದ ಸದ್ದು ಕಲ್ಲಿನ ಮೇಲೆ ಬಂದು ನಿಂತಿತು.

"ಮದುವಿ ಒಲ್ಲೆ ಅನ್ನಾಕತ್ತಿಲ್ಲ ಅಪ್ಪಾ. ಪರೀಕ್ಷಾ ಒಂದ ಬರದ ಬರತೀನಿ. ಕಳಸ್ತಾರೇನು ಅಂತ ಅವರನ್ನ ಕೇಳು."

"ಈಗ ಅದರ ಮಾತ ಯಾಕ ತಂಗಿ? ಮಂದಿ ನಿಂತಾರ."

"ಮಂದಿ ನಿಂತಾಗರ ಕೇಳತೀ ಅಂತ."

ಹೊರಗೆ ಯಾರೋ ಕೆಮ್ಮಿದರು. ಆಮೇಲೆ ಮುತ್ಯಾ, ಕೋರ್ಟಿನ ದನಿ ಬಿಟ್ಟು, ನನ್ನನ್ನು ಮಲಗಿಸುವಾಗಿನ ದನಿಯಲ್ಲಿ, "ಬರೀವಂತಿ. ನಾ ಹೇಳತೀನಿ ಅವರಿಗೆ. ಬಾಗಿಲ ತಗಿ, ಮಗಳ," ಅಂದ.

ಅವಳು ಉಳಿದ ಒಂದು ಹೋಳನ್ನು ನನ್ನ ಬಾಯಿಗೆ ಹಾಕಿ, ಸೆರಗು ಸರಿ ಮಾಡಿಕೊಂಡು, ಅಗಳಿ ತೆಗೆದಳು. ಮುತ್ಯಾ ಕೈ ಚಾಚಿದ. ಬೇರೆ ನಿಂಬೆಹಣ್ಣು ಚುಚ್ಚಲಿಕ್ಕೆಂದು ತಿಳಿದು ಅವಳು ಕಟಾರಿ ಕೊಟ್ಟಳು. ಕೈ ಬಿಡಬಾರದ ವಸ್ತುವನ್ನು ಬಿಡಿಸಿಕೊಂಡದ್ದಕ್ಕೆ ಆ ಮನೆಯ ಮಡಿವಂತ ಮುದುಕಿಯರು ಯಾರೂ ಚಕಾರ ಎತ್ತಲಿಲ್ಲ.

ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹಿತ್ತಲಿನಿಂದ ಸದ್ದು ಬಂತು. ಕಿರ್, ಕಿರ್. ಹೆಂಗಸರು ಅವಳಿಗೆ ಜಡೆ ಹಾಕುತ್ತಿದ್ದರು. "ಸರೂ, ಏನದು ನೋಡಿ ಬಾ," ಅಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪ ಕೂತಿದ್ದ, ಒಂದು ಕೈಯಲ್ಲಿ ಕಟಾರಿ, ಇನ್ನೊಂದರಲ್ಲಿ ಅರ. ಕಲ್ಲಿನ ಮೇಲೆ ಉಕ್ಕಿನ ಪುಡಿ ಬೂದಿಯ ಹಾಗೆ ಬಿದ್ದಿತ್ತು. "ಒಳಗ ಹೋಗು," ಎಂದು ಗದರಿದ, ತಲೆ ಎತ್ತಲಿಲ್ಲ. ಬಂದು ಹೇಳಿದೆ. "ಹೌದಾ," ಅಂದಳು ಕುಸುಮತ್ತೆ. ಪರೀಕ್ಷೆಯ ಮಾತನ್ನು ಅವಳು ಮತ್ತೆ ಎತ್ತಲೇ ಇಲ್ಲ. ಉತ್ತರ ಅವಳಿಗೆ ಸಿಕ್ಕಿಹೋಗಿತ್ತು. ಮರುದಿನ ತಾಳಿ ಕಟ್ಟುವಾಗ ಅವಳ ಕೈಯಲ್ಲಿ ಹೊಸ ನಿಂಬೆಹಣ್ಣಿನ ಕಟಾರಿ ಇತ್ತು, ಎಲ್ಲರ ಮುಖದಲ್ಲಿ ಕಳೆ ಇತ್ತು, ಮತ್ತು ಪರೀಕ್ಷೆಯ ದಿನಗಳು ಬಂದಾಗ ಅವಳು ರಾಯಚೂರಿನಲ್ಲಿದ್ದಳು.

ಆಮೇಲೂ ಕಟಾರಿ ಮನೆಯಿಂದ ಮನೆಗೆ ಹೋಗುತ್ತಿತ್ತು. ವಕೀಲರ ಮನೆಯದು ಮೊಂಡಾದ ಮೇಲೆ ಮದುಮಗಳಿಗೆ ಮೊಂಡೇ ಶಾಸ್ತ್ರವಿರಬೇಕೆಂದು ಒಂದೆರಡು ಮನೆಯವರು ತಮ್ಮವನ್ನೂ ಉಜ್ಜಿಸಿದರು. ನನ್ನ ಮದುವೆಗೆ ಕುಸುಮತ್ತೆ ಬಂದಿದ್ದಳು, ತುಂಬಿದ ಮೈ, ಸೊಂಟಕ್ಕೆ ಬೀಗದ ಗೊಂಚಲು. ನನ್ನ ಕೈಯಲ್ಲಿದ್ದ ಕಟಾರಿಯ ಅಂಚಿನ ಮೇಲೆ ಹೆಬ್ಬೆರಳಾಡಿಸಿ, ನನಗೆ ಮಾತ್ರ ಕೇಳುವಂತೆ, "ಪಾಪ, ಇದಕ್ಕೂ ಮದುವಿ ಆಗೇತಿ ನೋಡು," ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು. ಮುತ್ಯಾ ಹೋದ, ಆಯಿ, ಅಪ್ಪ, ಅವ್ವ ಹೋದರು, ಪೇರಲ ಗಿಡ ಹೋಯಿತು, ಕುಸುಮತ್ತೆಯೂ ಹೋಗಿ ವರ್ಷಗಳಾದವು.

ಇಷ್ಟನ್ನೂ ನಿವೇದಿತಾಳಿಗೆ ಹೇಳಿದೆ. ಹೇಳುತ್ತ ಅವಳ ಕಣ್ಣು ನೋಡುವ ಧೈರ್ಯವಾಗದೆ ಸಾಸರಿಗೆ ಚೆಲ್ಲಿದ ಟೀ ನೋಡುತ್ತಿದ್ದೆ. ಅವಳು ಕಟಾರಿಯನ್ನು ಎತ್ತಿಕೊಂಡು, ಟೆಕ್ಸ್‌ಚರ್ ಅಂದಿದ್ದ ಗೀರುಗಳ ಮೇಲೆ ಉಗುರು ಎಳೆದಳು. ಕಿರ್, ಅಂದಿತು. ಕೆಳಗಿಟ್ಟುಬಿಟ್ಟಳು.

"ನಮ್ಮಜ್ಜಿನಾ?"

"ನಿಮ್ಮಜ್ಜಿನ."

ಮೂಗು ಒರೆಸಿಕೊಂಡು ಕೇಳಿದಳು: "ಎಷ್ಟು ತೆಳ್ಳಗ ಕೊಯ್ದಿದ್ರು?"

"ಬೆಳಕ ದಾಟುವಷ್ಟು."

ಸ್ಕ್ರೀನಿನ ಮೇಲಿನ ಗೀರುಗಳನ್ನು ಒಂದೊಂದಾಗಿ ಅಳಿಸತೊಡಗಿದಳು. "ಬಾಕ್ಸ್ ಮ್ಯಾಲ ಏನ ಬರೀಲಿ ಮತ್ತ?"

"ಹಣ್ಣ ಕೊಯ್ಯಾಕ ಅಂತ ಬರಿ."

ಅವಳ ಶನಿವಾರ ಮುಂದಕ್ಕೆ ಹೋಯಿತು. ಹರಿತವಾದದ್ದನ್ನು ಮದುವೆಗೆ ಯಾರು ಕೊಳ್ಳುತ್ತಾರೆ ಎಂದು ಸ್ಟುಡಿಯೋದವರು ಇನ್ನೂ ತಕರಾರು ಮಾಡುತ್ತಿದ್ದಾರೆ. ಆಗಬಹುದು, ಆಗದೆಯೂ ಇರಬಹುದು. ಸದ್ಯಕ್ಕೆ ತಯಾರಾಗಿರುವುದು ಒಂದೇ ಒಂದು ಪ್ರೊಟೊಟೈಪ್. ಮೊನ್ನೆ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ದಾರಿಯ ಬಂಡಿಯಿಂದ ಪೇರಲಹಣ್ಣು ತೆಗೆದುಕೊಂಡು ಬಂದಳು. ಬಾಗಿಲು ಹಾಕಿ ಬಂದು ಕಿಟಕಿಯ ಹತ್ತಿರ ನನ್ನ ಪಕ್ಕ ನೆಲದ ಮೇಲೇ ಕೂತಳು. ಅವಳೇ ಕೊಯ್ದಳು. ಉಕ್ಕು ಹಣ್ಣಿನೊಳಗೆ ಹೋದದ್ದು ಕೇಳಿಸಲೂ ಇಲ್ಲ. ನಿಂಬೆ ಹಿಂಡಿದಳು, ಆ ವಾಸನೆ ಎದ್ದಿತು. ಮೊದಲ ಹೋಳನ್ನು ಕಿಟಕಿಗೆ ಎತ್ತಿ ಹಿಡಿದೆ. ಬೆಳಕು ದಾಟಿ ಬಂದು ಹುಡುಗಿಯ ಕೆನ್ನೆಯ ಮೇಲೆ ನಿಂತಿತು. ಹೊರಗೆ ಲಿಫ್ಟು ಏರಿತು, ಇಳಿಯಿತು, ಕಾರಿಡಾರಿನಲ್ಲಿ ಯಾರದೋ ಚಪ್ಪಲಿ ಸದ್ದು ಹತ್ತಿರ ಬಂದು ಮುಂದೆ ಹೋಯಿತು. ಬಾಗಿಲನ್ನು ಯಾರೂ ಬಡಿಯಲಿಲ್ಲ. ನಾವಿಬ್ಬರೂ ನಿಧಾನವಾಗಿ ತಿಂದೆವು.