ಹೊಸ್ತಿಲಿಗೆ ಹಾಕಿದ ಸುಣ್ಣ

ಚಿಕ್ಕಬಳ್ಳಾಪುರದ ನಮ್ಮ ಹೊಸ ಮನೆಯ ಸಂಪು ತೊಳೆಸಲು ಮೊನ್ನೆ ಬ್ಲೀಚಿಂಗ್ ಪೌಡರ್ ತರಿಸಿದ್ದೆ. ಪೊಟ್ಟಣ ಬಿಚ್ಚಿದ್ದೇ ತಡ, ಘಾಟು ಮೂಗಿಗೆ ಅಡರಿತು. ಬೇರೆಯವರಾದರೆ ಮುಖ ತಿರುಗಿಸುವ ವಾಸನೆ. ನನಗೆ ಮಾತ್ರ ಅದು ಅವ್ವನ ವಾಸನೆ. ಕೆಲಸದವನಿಗೆ ನೀನೇ ಹಾಕಪ್ಪ ಎಂದು ಹೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ…

ಅವ್ವ ನನ್ನ ತಾಯಿಯಲ್ಲ, ನೆಂಟಳೂ ಅಲ್ಲ. ಅಂಬಾಜಿದುರ್ಗದ ಕಡೆಯ ಹಳ್ಳಿಯೊಂದರಲ್ಲಿ ನಮಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಮುದುಕಿ. ಆ ಕಡೆ ತೆಲುಗೂ ಕನ್ನಡವೂ ಬೆರೆತೇ ಇರುವುದರಿಂದ ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಒಂಟಿ ಜೀವ. ಒಂದಿಷ್ಟು ಹಿಪ್ಪುನೇರಳೆ ತೋಟ, ಹಿತ್ತಲಿನಲ್ಲಿ ರೇಷ್ಮೆಹುಳ ಸಾಕುವ ಉದ್ದನೆಯ ಹುಳದ ಮನೆ, ಇಷ್ಟೇ ಅವಳ ಸಂಸಾರ.

ಕೊರೊನಾ ಬಂದ ಮೊದಲ ವರ್ಷ ನಾವು ಗೌರಿಬಿದನೂರಿನಲ್ಲಿದ್ದೆವು. ನನ್ನ ಗಂಡ ದುಡಿಯುತ್ತಿದ್ದ ಕುಡುಮಲಕುಂಟೆಯ ಕಾರ್ಖಾನೆ ಬಾಗಿಲು ಹಾಕಿತು. ಪುಣ್ಯಕ್ಕೆ ಚಿಂತಾಮಣಿಯಲ್ಲಿ ಬೇರೆ ಕೆಲಸ ಸಿಕ್ಕಿತು. ನಾನಾಗ ಏಳು ತಿಂಗಳ ಬಸುರಿ. ಅದಕ್ಕೆ ಹಿಂದಿನ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಇದೊಂದು ಉಳಿದರೆ ಸಾಕಪ್ಪಾ ದೇವರೇ ಎಂದು ಉಸಿರು ಬಿಗಿಹಿಡಿದು ದಿನ ದೂಡುತ್ತಿದ್ದೆ. ಜಿಲ್ಲೆಯಲ್ಲಿ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಅಲ್ಲೇ ಆದ್ದರಿಂದ, ಗೌರಿಬಿದನೂರಿನವರು ಎಂದರೆ ಜನ ಮಾರುದೂರ ಸರಿಯುತ್ತಿದ್ದ ಕಾಲ. ಫೋನಿನಲ್ಲಿ ಹೂಂ ಎಂದ ಮನೆಯವರೆಲ್ಲ ಊರಿನ ಹೆಸರು ಕೇಳುತ್ತಲೇ ಊಹೂಂ ಎಂದರು. ಅವ್ವ ಮಾತ್ರ ನನಗೆಷ್ಟು ತಿಂಗಳು ಎಂದು ವಿಚಾರಿಸಿ, ಸರಿ, ಬನ್ನಿ ಎಂದಿದ್ದಳು.

ಪಾತ್ರೆಪಗಡ, ಹಾಸಿಗೆ ಹೊದಿಕೆಯೆಲ್ಲ ಲಗೇಜ್ ಆಟೊಗೆ ಹೇರಿಕೊಂಡು ಹೋದರೆ, ಅಂಗಳದಲ್ಲೇ ತಡೆದು ನಿಲ್ಲಿಸಿದಳು. ಹೊಸ್ತಿಲಿನ ಉದ್ದಕ್ಕೂ ಸುಣ್ಣದ ಪುಡಿಯ ದಪ್ಪ ಗೆರೆ. ಪಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ಬೇಸನ್, ಬಕೆಟ್ಟು, ಸೋಪು. ಅವಳು ಮೂಗಿಗೆ ಸೆರಗು ಬಿಗಿದು ದೂರದಲ್ಲೇ ನಿಂತು ಒಂದೊಂದಾಗಿ ಅಪ್ಪಣೆ ಕೊಡಿಸುತ್ತಿದ್ದಳು. ಹಾಸಿಗೆ ಬಿಸಿಲಿಗೆ ಹರವಬೇಕಂತೆ, ಪಾತ್ರೆ ಹೊರಗೇ ತೊಳೆಯಬೇಕಂತೆ, ಆಟೊದವನು ಜಗಲಿ ಹತ್ತಕೂಡದಂತೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಜೊತೆಗೆ ಬಿಸಿಲು, ಬೆನ್ನುನೋವು. ಮೈಯೆಲ್ಲ ಉರಿದುಹೋಯಿತು.

"ಅಷ್ಟೊಂದು ಭಯ ಇದ್ರೆ ಬನ್ನಿ ಅಂತ ಯಾಕೆ ಅಂದ್ರಿ? ನಾವೇನು ರೋಗ ಹೊತ್ಕೊಂಡು ಬಂದಿದೀವಾ?" ಎಂದೆ.

ಅವ್ವನಿಗೆ ಸಿಟ್ಟೇ ಬರಲಿಲ್ಲ. "ನೀನು ತಂದಿದೀಯಾ ಅಂತಲ್ಲ ಕಣಮ್ಮ, ನಿನಗೆ ತಗುಲಬಾರದು ಅಂತ. ಹುಳಕ್ಕೆ ಮಾಡೋದನ್ನ ಬಸುರಿಗೆ ಮಾಡಬಾರದಾ?"

ರೇಷ್ಮೆಯವರ ರೀತಿಯೇ ಹಾಗೆ. ಹೊಸ ಹುಳ ತರುವ ಮುಂಚೆ ಹುಳದ ಮನೆಯ ಗೋಡೆ, ನೆಲ, ತಟ್ಟೆ ಎಲ್ಲ ತೊಳೆದು ಒಣಗಿಸಿ, ಬಾಗಿಲಿಗೆ ಸುಣ್ಣ ಚೆಲ್ಲುತ್ತಾರೆ. ಆಮೇಲೆ ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಹೊರಗಿನವರಂತೂ ಇಣುಕುವಂತೆಯೂ ಇಲ್ಲ. ಆ ಕಟ್ಟುನಿಟ್ಟನ್ನೆಲ್ಲ ಅವ್ವ ನಮ್ಮ ಬಾಗಿಲಿಗೆ ತಂದಿದ್ದಳು.

ಸಂಜೆ ಹಾಲುಕ್ಕಿಸಿ, ಮನೆಯೊಡತಿಗೆ ಮೊದಲು ಕೊಡೋಣವೆಂದು ಲೋಟ ಹಿಡಿದು ಅವಳಿದ್ದ ಭಾಗಕ್ಕೆ ಹೋದೆ. ಒಂದೇ ಮನೆ, ನಡುವೆ ಗೋಡೆ, ಬಚ್ಚಲು ಇಬ್ಬರಿಗೂ ಒಂದೇ. ನೋಡಿದರೆ ಅಲ್ಲಿ ಚಾಪೆಯಿಲ್ಲ, ಒಲೆಯಿಲ್ಲ, ದೇವರ ಪಟವೂ ಇಲ್ಲ. ಹಿತ್ತಲಿನ ಹುಳದ ಮನೆಯಿಂದ ಹೊಗೆ ಏಳುತ್ತಿತ್ತು. ಆ ಸಲದ ಬೆಳೆ ಬಿಟ್ಟು, ಹುಳ ತರದೆ, ಅವ್ವ ತಾನೇ ಅಲ್ಲಿಗೆ ಹೋಗಿಬಿಟ್ಟಿದ್ದಳು.

"ಹಿಪ್ಪುನೇರಳೆ ಸೊಪ್ಪು ಕೊಳ್ಳೋಕೆ ಊರೆಲ್ಲ ನನ್ನ ಹತ್ರ ಬರ್ತದೆ. ನಿನ್ನ ಬಚ್ಚಲಿಗೆ ನಾನ್ಯಾಕೆ ಬರಲಿ? ಲೋಟ ನಿನ್ನ ಹೊಸ್ತಿಲ ಗೆರೆ ಹತ್ರ ಇಟ್ಟು ಹೋಗಮ್ಮ."

ಲೋಟವನ್ನು ಗೆರೆಯ ಹತ್ತಿರ ಇಟ್ಟು ಬಂದೆ. ಮನೆ ಬದಲಾಯಿಸಿದ್ದು ನಾವು ಮಾತ್ರ ಅಂದುಕೊಂಡಿದ್ದೆ…

ಆಮೇಲಿನ ದಿನಗಳಲ್ಲಿ ನನ್ನ ಗಂಡ ಕೆಲಸದಿಂದ ಬಂದು ಸ್ನಾನ ಮಾಡದೆ ಒಳಗೆ ಕಾಲಿಟ್ಟರೆ ಹಿತ್ತಲಿಂದಲೇ ಗದರುತ್ತಿದ್ದಳು. ಬೆರಕೆ ಸೊಪ್ಪಿನ ಸಾರು, ಬಿಸಿ ಮುದ್ದೆ ಗೆರೆಯ ಹತ್ತಿರ ಬಂದು ಕೂರುತ್ತಿದ್ದವು. ನನಗೆ ಕೆಟ್ಟ ಕನಸು ಬಿದ್ದು ಅಳುತ್ತಿದ್ದರೆ ಅಂಗಳದ ಆ ಕಡೆ ಕುಳಿತು, "ಏಮೀ ಕಾದಮ್ಮಾ, ಏನೂ ಆಗಲ್ಲ" ಎನ್ನುತ್ತಿದ್ದಳು. ಏನೂ ಆಗಲಿಲ್ಲ. ಚಿಂತಾಮಣಿಯಲ್ಲಿ ಹೆರಿಗೆಯಾಯಿತು, ಹೆಣ್ಣುಮಗು, ಗಟ್ಟಿಯಾಗಿ ಅತ್ತಿತು. ಮೂರು ತಿಂಗಳು ತುಂಬುವ ತನಕ ಅವ್ವ ಮಗುವನ್ನು ದೂರದಿಂದಲೇ ನೋಡಿದಳು. ತುಂಬಿದ ದಿನ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಕೈಕಾಲು ತೊಳೆದು, ಗೆರೆ ದಾಟಿ ಬಂದು ಎತ್ತಿಕೊಂಡವಳು ಸಂಜೆಯವರೆಗೂ ಕೆಳಗಿಳಿಸಲಿಲ್ಲ. ಮತ್ತೆ ತನ್ನ ಭಾಗಕ್ಕೆ ವಾಪಸು ಬಂದಳು, ಹುಳದ ಮನೆಗೆ ಹುಳಗಳೂ ಬಂದವು.

ಮರುವರ್ಷ ಕಾಯಿಲೆ ಇನ್ನೊಮ್ಮೆ ಏರಿತಲ್ಲ, ಆಗ ಅವ್ವನಿಗೆ ಮೈ ಬಿಸಿಯಾಯಿತು. ರೇಷ್ಮೆಗೂಡು ಬಿಡಿಸಿ ಹುಳದ ಮನೆ ಖಾಲಿಯಿತ್ತು. ಯಾರಿಗೂ ಹೇಳದೆ ಚಾಪೆ ಸುತ್ತಿಕೊಂಡು ಅಲ್ಲಿಗೆ ಹೋಗಿ, ಈ ಸಲ ಸುಣ್ಣದ ಗೆರೆಯನ್ನು ಒಳಗಿನಿಂದ ಹಾಕಿಕೊಂಡಳು. ನಾನು ಗಂಜಿ ಹಿಡಿದು ಓಡಿದೆ. ಒಂದು ಕಾಲು ಎತ್ತಿಯೂ ಆಗಿತ್ತು.

"ದಾಟಬೇಡ. ನಿನ್ನ ಕೂಸು ಹಾಲು ಕುಡೀತದೆ" ಎಂದಳು. ದನಿ ಸಣ್ಣಗಾಗಿತ್ತು, ಆದರೂ ಅಪ್ಪಣೆಯ ದನಿಯೇ.

ಗಂಜಿಯನ್ನು ಗೆರೆಯ ಹತ್ತಿರ ಇಟ್ಟೆ. ಮಾರನೆಯ ದಿನ ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದರು. ಹತ್ತುವಾಗ ನಮ್ಮ ಕಡೆ ತಿರುಗಿ ಮಗುವಿಗೆ ಕೈಬೀಸಿದಳು. ವಾಪಸು ಬರಲಿಲ್ಲ… ಎಷ್ಟು ಅತ್ತೆನೋ. ನನ್ನ ಮನೆಯಲ್ಲಿ ಯಾರಿಗೂ ಜ್ವರ ಬರಲಿಲ್ಲ.

ಇವತ್ತು ಬೆಳಿಗ್ಗೆ ಹೊಸ ಮನೆಗೆ ಬಂದೆವು. ಹೊಸ್ತಿಲಿಗೆ ರಂಗೋಲಿಯ ಜೊತೆ ಸುಣ್ಣದ ಗೆರೆಯನ್ನೂ ಹಾಕಿದೆ. ಈ ಕಾಲದಲ್ಲಿ ಯಾಕಮ್ಮ ಇದು ಎಂದು ನಮ್ಮತ್ತೆ ಗೊಣಗಿದರು. ಇರಲಿ ಬಿಡಿ ಎಂದೆ. ಹಾಲು ಉಕ್ಕಿದ ಮೇಲೆ ಮೊದಲ ಲೋಟವನ್ನು ಗೆರೆಯ ಹತ್ತಿರ ಇಟ್ಟೆ. ಹೊರಗೆ ಆಡುತ್ತಿದ್ದ ಮಗಳು ಓಡಿಬಂದು, ಇದು ಯಾರಿಗೆ ಎಂದಳು.

"ಅವ್ವಂಗೆ ಕಣಮ್ಮ. ನೀನು ಹುಟ್ಟೋಕೆ ಜಾಗ ಬಿಟ್ಟುಕೊಟ್ಟೋಳು."

ಅವಳಿಗೆ ಅವ್ವನ ಮುಖ ನೆನಪಿಲ್ಲ. ಲೋಟವನ್ನೂ ನನ್ನನ್ನೂ ಒಮ್ಮೆ ನೋಡಿದಳು. ಆಮೇಲೆ ನಲ್ಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು, ಗೆರೆ ಅಳಿಸದಂತೆ ಕಾಲೆತ್ತಿ ದಾಟಿ ಒಳಗೆ ಬಂದಳು.